ಹೊರದೇಶದ ಎಲೆಕ್ಷನ್‌ಗಳನ್ನು ನಾನು ನೋಡುವ ರೀತಿ

ನಾನು ಬೆಂಗಳೂರಿನ ಒಂದು ಸಿಎಸ್‌ಐ ಕನ್ನಡ ಸಭೆಯ ಸಭಾಪಾಲಕ. ಜನ ಕರೆಯೋದು ಪಾಸ್ಟರ್ ಅಂತಲೇ. ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಒಂದು ಸುತ್ತು, ಬಂದು ಕಾಫಿ, ಪೇಪರ್, ಕುಂಡದಲ್ಲಿರುವ ಗುಲಾಬಿ ಗಿಡಗಳಿಗೆ ನೀರು, ಬಿಡುವಿದ್ದ ದಿನ ಎಸ್‌ಪಿ ರೋಡಿನಿಂದ ಬಿಡಿಭಾಗ ತಂದು ಹಳೇ ರೇಡಿಯೊ ರಿಪೇರಿ, ಇಲ್ಲದಿದ್ದರೆ ಟೆಸ್ಟ್ ಮ್ಯಾಚು. ಆದರೆ ಯಾವುದಾದರೂ ದೇಶದಲ್ಲಿ ಮತ ಎಣಿಕೆ ಇದೆ ಅಂದರೆ ಇದೆಲ್ಲ ಪಕ್ಕಕ್ಕೆ ಸರಿಯುತ್ತದೆ. ಬ್ರಿಟನ್, ಐರ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾ, ಆಫ್ರಿಕಾದ ಮಲಾವಿ, ಯಾವುದಾದರೂ ಸರಿ. ಚಿಕ್ಕಂದಿನಲ್ಲಿ ಅಪ್ಪನ ಶಾರ್ಟ್‌ವೇವ್ ರೇಡಿಯೊದಲ್ಲಿ ಬಿಬಿಸಿ ಕೇಳಿ ಹತ್ತಿದ ಹುಚ್ಚು ಇದು. ಇನ್ನೂ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ.

"ನಮ್ಮದೇ ಬೇಕಾದಷ್ಟಿದೆ, ಅವರದ್ದು ನಿಮಗ್ಯಾಕೆ ಪಾಸ್ಟರ್?" ಅಂತ ಕೇಳುವವರು ಜಾಸ್ತಿ. ಕಾರಣ ಇದೆ. ನಮ್ಮ ಸಭೆಯಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಒಂದೇ ಬೆಂಚಿನಲ್ಲಿ ಕೂತ ಅಣ್ಣತಮ್ಮಂದಿರೇ ಬೇರೆ ಬೇರೆ ಗುಂಡಿ ಒತ್ತಿ ಬಂದಿರುತ್ತಾರೆ. ನಾನು ಅವರೆಲ್ಲರ ಮನೆಗೂ ಹೋಗಬೇಕು, ಕಾಯಿಲೆ ಬಿದ್ದಾಗ ಮಂಚದ ಪಕ್ಕ ಕೂತು ಪ್ರಾರ್ಥನೆ ಮಾಡಬೇಕು, ಸಾವಾದರೆ ಮೊದಲು ಹೋಗಿ ನಿಲ್ಲಬೇಕು. "ಪಾಸ್ಟರ್ ಆ ಪಾರ್ಟಿಯವರು" ಅನ್ನುವ ಮಾತು ಒಂದು ಸಲ ಹುಟ್ಟಿಕೊಂಡರೆ ಅರ್ಧ ಮನೆಗಳಲ್ಲಿ ನಾನು ಬರೀ ಅತಿಥಿಯಾಗಿಬಿಡುತ್ತೇನೆ. ಹಾಗಾಗಿ ಇಲ್ಲಿನ ಚುನಾವಣೆಯಲ್ಲಿ ವೋಟು ಹಾಕುತ್ತೇನೆ, ಬಾಯಿ ಬಿಡುವುದಿಲ್ಲ. ಹೊರದೇಶದ್ದಾದರೆ ಆ ತೊಂದರೆ ಇಲ್ಲ. ಅಲ್ಲಿ ನನಗೆ ಬೇಕಾದವರೂ ಇಲ್ಲ, ಬೇಡದವರೂ ಇಲ್ಲ. ಕಣ್ಣು ನೇರವಾಗಿ ಎಣಿಕೆಯ ಮೇಲೆ ಹೋಗುತ್ತದೆ. ಜನ ಹೇಳಿದ್ದನ್ನು ಒಂದು ದೇಶ ಹೇಗೆ ಕೇಳಿಸಿಕೊಳ್ಳುತ್ತದೆ, ಅದಕ್ಕೆ ಎಂಥ ನಿಯಮ ಮಾಡಿಕೊಂಡಿದೆ ಅನ್ನುವುದು ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ.

ಅದಕ್ಕೇ ನಾನು ಮೊದಲು ಓದೋದು ನಾಯಕರ ಬಗ್ಗೆ ಅಲ್ಲ, ನಿಯಮದ ಬಗ್ಗೆ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದೇಶಕ್ಕೊಂದು ಪುಟ. ಒಟ್ಟು ಎಷ್ಟು ಸೀಟು, ಬಹುಮತಕ್ಕೆ ಎಷ್ಟು ಬೇಕು, ವೋಟು ಹಾಕೋದು ಹೇಗೆ, ಎಣಿಸೋದು ಹೇಗೆ, ಸಮ ಸಮ ಬಂದರೆ ಏನು ಮಾಡ್ತಾರೆ, ಮತದಾನ ಮುಗಿಯುವಾಗ ನಮ್ಮ ಗಡಿಯಾರದಲ್ಲಿ ಎಷ್ಟು ಗಂಟೆ. ಇಷ್ಟು ಬರೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ನಿಯಮ ಗೊತ್ತಿಲ್ಲದೆ ನೋಡಿದರೆ ಅಂಕಿಗಳು ಸುಮ್ನೆ ಓಡುತ್ತಿರುತ್ತವೆ, ಅಷ್ಟೇ. 2024ರ ಜುಲೈ 4ರ ಬ್ರಿಟನ್ ಚುನಾವಣೆ ನೋಡಿ. ಲೇಬರ್ ಪಕ್ಷಕ್ಕೆ ಬಂದದ್ದು ಸುಮಾರು ಶೇ 34ರಷ್ಟು ಮತ, ಸೀಟು 650ರಲ್ಲಿ 411. ರಿಫಾರ್ಮ್ ಪಕ್ಷಕ್ಕೆ ಶೇ 14ಕ್ಕೂ ಜಾಸ್ತಿ ಮತ ಬಿದ್ದರೂ ಸಿಕ್ಕಿದ್ದು 5 ಸೀಟು. ಅದಕ್ಕಿಂತ ಕಡಿಮೆ ಮತ ಪಡೆದ ಲಿಬರಲ್ ಡೆಮಾಕ್ರಾಟ್‌ಗಳಿಗೆ 72. ಯಾವ ಊರಿನಲ್ಲಿ ಮತ ಒಟ್ಟಾಗಿ ಬಿತ್ತು, ಎಲ್ಲಿ ಚದುರಿ ಹೋಯಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಮ್ಮದೂ ಅದೇ ಪದ್ಧತಿ. 2018ರ ವಿಧಾನಸಭೆಯಲ್ಲಿ ಜಾಸ್ತಿ ಮತ ಬಂದದ್ದು ಕಾಂಗ್ರೆಸ್‌ಗೆ, ಜಾಸ್ತಿ ಸೀಟು ಬಂದದ್ದು ಬಿಜೆಪಿಗೆ, 80 ಮತ್ತು 104. ಇದು ಎಲ್ಲರ ಕಣ್ಣೆದುರು ನಡೆದ ಲೆಕ್ಕ, ಹೇಳಿದರೆ ಯಾರಿಗೂ ಬೇಜಾರಾಗಬೇಕಿಲ್ಲ.

ಆಸ್ಟ್ರೇಲಿಯಾದ ಪದ್ಧತಿಯನ್ನು ನಾನು ನಮ್ಮ ಯೂತ್ ಫೆಲೋಶಿಪ್ ಮಕ್ಕಳಿಗೆ ಒಂದು ಪಿಕ್ನಿಕ್ ನೆಪದಲ್ಲಿ ಕಲಿಸಿದೆ. ಎಲ್ಲಿಗೆ ಹೋಗೋದು ಅಂತ ಜಗಳ ಶುರುವಾಗಿತ್ತು. ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಮೂರು ಜಾಗಗಳ ಮುಂದೆ 1, 2, 3 ಅಂತ ಬರೆಯಿರಿ ಅಂದೆ. 40 ಚೀಟಿ ಬಂದವು. ಮೊದಲ ಸುತ್ತಿನಲ್ಲಿ ನಂದಿಬೆಟ್ಟಕ್ಕೆ 16, ಬನ್ನೇರುಘಟ್ಟಕ್ಕೆ 13, ಮುತ್ಯಾಲಮಡುವಿಗೆ 11. ನಂದಿಬೆಟ್ಟದ ಹುಡುಗರು ಆಗಲೇ ಕೂಗಾಡೋಕೆ ಶುರು ಮಾಡಿದರು. ತಡೀರಪ್ಪ ಅಂತ ಹೇಳಿ, ಕೊನೆಯಲ್ಲಿದ್ದ ಮುತ್ಯಾಲಮಡುವಿನ 11 ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಅವುಗಳ ಎರಡನೇ ಆಯ್ಕೆ ಏನು ಅಂತ ಒಂದೊಂದಾಗಿ ಓದಿಸಿದೆ. 8 ಬನ್ನೇರುಘಟ್ಟಕ್ಕೆ ಹೋದವು, 3 ನಂದಿಬೆಟ್ಟಕ್ಕೆ. 21ಕ್ಕೆ 19. ಬನ್ನೇರುಘಟ್ಟ ಗೆದ್ದಿತು. ಕೋಣೆ ಒಂದು ಕ್ಷಣ ಸ್ತಬ್ಧ. ಆಮೇಲೆ ಪ್ರಶ್ನೆಗಳ ಮೇಲೆ ಪ್ರಶ್ನೆ. ಮೊದಲು ಬಂದವರು ಹೇಗೆ ಸೋಲ್ತಾರೆ? ಸೋತವರ ಚೀಟಿಗೆ ಎರಡನೇ ಸಲ ಬೆಲೆ ಯಾಕೆ? ಒಬ್ಬ ಹುಡುಗಿ ತಾನೇ ಉತ್ತರ ಕೊಟ್ಟಳು: "ಅವರಿಗೂ ಪಿಕ್ನಿಕ್‌ಗೆ ಬರಬೇಕಲ್ವಾ?" 2025ರ ಮೇ 3ರಂದು ಮೆಲ್ಬರ್ನ್ ಕ್ಷೇತ್ರದಲ್ಲಿ ಆದದ್ದೂ ಇದೇ. ಗ್ರೀನ್ಸ್ ಪಕ್ಷದ ನಾಯಕ ಆ್ಯಡಮ್ ಬ್ಯಾಂಟ್ ಮೊದಲ ಆಯ್ಕೆಯ ಮತಗಳಲ್ಲಿ ಮುಂದಿದ್ದರು, ಉಳಿದವರ ಮತ ಹಂಚಿಕೆಯಾದ ಮೇಲೆ ಲೇಬರ್ ಅಭ್ಯರ್ಥಿ ಗೆದ್ದರು. ನಮ್ಮ ಹುಡುಗರಿಗೆ ಅದನ್ನು ಮತ್ತೆ ವಿವರಿಸುವ ಅಗತ್ಯವೇ ಬರಲಿಲ್ಲ.

ದೊಡ್ಡವರಿಗೆ ಇದು ಹೊಸದೇನಲ್ಲ. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ವೋಟು ಹಾಕಿದವರೆಲ್ಲ ನೇರಳೆ ಬಣ್ಣದ ಪೆನ್ನಿನಲ್ಲಿ 1, 2, 3 ಬರೆದವರೇ. "ಎರಡನೇ ಪ್ರಾಶಸ್ತ್ಯದ ಮತ ಎಣಿಕೆ ಮುಂದುವರಿದಿದೆ" ಅಂತ ಟಿವಿಯಲ್ಲಿ ರಾತ್ರಿಯಿಡೀ ಬರುತ್ತಿರುತ್ತದಲ್ಲ, ಐರ್ಲೆಂಡಿನಲ್ಲಿ ಇಡೀ ದೇಶದ ಚುನಾವಣೆ ಅದೇ ಜಾತಿಯದ್ದು. ಒಂದೊಂದು ಕ್ಷೇತ್ರದಿಂದ ಮೂರರಿಂದ ಐದು ಜನ ಆಯ್ಕೆಯಾಗುತ್ತಾರೆ. ಕೊನೆಯ ಸೀಟಿಗೆ ದಿನಗಟ್ಟಲೆ ಎಣಿಕೆ ನಡೆಯೋದೂ ಉಂಟು. 2024ರ ನವೆಂಬರ್ 29ರಂದು ಶುಕ್ರವಾರ ಮತದಾನ ಆಯಿತು, ಎಣಿಕೆ ಶುರುವಾದದ್ದು ಮಾರನೇ ದಿನ ಬೆಳಿಗ್ಗೆ. ನನಗೆ ಅಲ್ಲಿ ಅತಿ ಪ್ರೀತಿಯ ದೃಶ್ಯ ಒಂದಿದೆ. ಎಣಿಕೆ ಹಾಲ್‌ನಲ್ಲಿ ಒಂದು ಕಟಕಟೆ. ಅದರ ಆಚೆ ಸಿಬ್ಬಂದಿ ಪೆಟ್ಟಿಗೆ ಬಿಚ್ಚಿ ಮತಪತ್ರ ಜೋಡಿಸುತ್ತಿರುತ್ತಾರೆ. ಈಚೆ ಪಕ್ಷಗಳ ಕಾರ್ಯಕರ್ತರು ಬಗ್ಗಿ ನಿಂತು, ಕಣ್ಣಿಗೆ ಬಿದ್ದ ಒಂದೊಂದು ಪತ್ರದ ಮೊದಲ ಆಯ್ಕೆಯನ್ನು ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ಎದುರಾಳಿ ಪಕ್ಷದವರೆಲ್ಲ ಸೇರಿ ಆ ಹಾಳೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುತ್ತಾರೆ. ಅಧಿಕೃತ ಫಲಿತಾಂಶಕ್ಕೆ ಗಂಟೆಗಟ್ಟಲೆ ಮೊದಲೇ ಅವರಿಗೆ ಗಾಳಿ ಎತ್ತ ಬೀಸುತ್ತಿದೆ ಅಂತ ಗೊತ್ತಾಗಿರುತ್ತದೆ. ನಿನ್ನೆ ತನಕ ಬೀದಿಯಲ್ಲಿ ಬೈದಾಡಿಕೊಂಡವರು ಇವತ್ತು ಲೆಕ್ಕ ಹಂಚಿಕೊಳ್ಳುವುದು ನೋಡಿದರೆ ಮನಸ್ಸು ತುಂಬುತ್ತದೆ.

ಇನ್ನೊಂದು ಅಭ್ಯಾಸ ಅಂದರೆ ಪ್ರತಿ ದೇಶದಲ್ಲೂ ಒಂದೇ ಒಂದು ಕ್ಷೇತ್ರ ಹಿಡಿದುಕೊಳ್ಳುವುದು. ಇಡೀ ದೇಶ ತಲೆಗೆ ಹತ್ತುವುದಿಲ್ಲ, ಒಂದು ಊರು ಹತ್ತುತ್ತದೆ. ಜರ್ಮನಿಗೆ ನಾನು ಹಿಡಿದದ್ದು ಟ್ಯೂಬಿಂಗನ್. ನಮ್ಮ ಕನ್ನಡಕ್ಕೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಊರು ಅದು. ಎಂ.ಜಿ. ರೋಡಿನಲ್ಲಿ ಅವರ ಪ್ರತಿಮೆ ಇದೆಯಲ್ಲ, ಅವರೇ. ಜರ್ಮನಿಯಲ್ಲಿ ಮತದಾನ ಭಾನುವಾರ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ, ಚಳಿಗಾಲದಲ್ಲಿ ನಮಗೆ ಆಗ ರಾತ್ರಿ ಹತ್ತೂವರೆ. ಆರಾಧನೆ, ಮೀಟಿಂಗು, ಮನೆಭೇಟಿ ಎಲ್ಲ ಮುಗಿಸಿ ಕೂರೋಕೆ ಇದಕ್ಕಿಂತ ಒಳ್ಳೇ ಹೊತ್ತು ಇಲ್ಲ. 2025ರ ಫೆಬ್ರುವರಿ 23ರ ರಾತ್ರಿ ನಾನು ಕಾದದ್ದು ಶೇ 5ರ ಗೆರೆಗೆ. ಆ ಗೆರೆ ದಾಟದ ಪಕ್ಷಕ್ಕೆ ಸಾಮಾನ್ಯವಾಗಿ ಸಂಸತ್ತಿನಲ್ಲಿ ಜಾಗವಿಲ್ಲ. ಬಿಎಸ್‌ಡಬ್ಲ್ಯು ಅನ್ನುವ ಹೊಸ ಪಕ್ಷ ಶೇ 4.98ಕ್ಕೆ ನಿಂತುಬಿಟ್ಟಿತು. ಇಡೀ ದೇಶದಲ್ಲಿ ಸುಮಾರು 9,500 ಮತ ಕಡಿಮೆ. ಅದಕ್ಕಿಂತ ವಿಚಿತ್ರ ಇನ್ನೊಂದು: ಹೊಸ ನಿಯಮದಿಂದಾಗಿ, ತಮ್ಮ ಕ್ಷೇತ್ರದಲ್ಲಿ ಮೊದಲು ಬಂದ 23 ಜನರಿಗೆ ಸಂಸತ್ತಿನಲ್ಲಿ ಸೀಟೇ ಸಿಗಲಿಲ್ಲ. ಅವರ ಪಕ್ಷಕ್ಕೆ ಆ ರಾಜ್ಯದಲ್ಲಿ ಬಿದ್ದ ಮತಕ್ಕೆ ಅಷ್ಟು ಸೀಟು ಸಲ್ಲುವುದಿಲ್ಲ ಅನ್ನೋದು ಕಾರಣ. ಸಂಸತ್ತು 630ಕ್ಕಿಂತ ಬೆಳೆಯಬಾರದು ಅಂತ ಮಾಡಿದ ನಿಯಮ ಅದು. ಲೆಕ್ಕ ಸರಿ ಇರಬಹುದು, ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಒಂದು ಊರಿನವರು ಗೆಲ್ಲಿಸಿ ಕಳಿಸಿದವರನ್ನು ಬಾಗಿಲಲ್ಲಿ ನಿಲ್ಲಿಸಬಾರದು.

ಬ್ರಿಟನ್ ಎಣಿಕೆಗೆ ನಿದ್ದೆ ಬಿಡಲೇಬೇಕು. ಬೇಸಿಗೆಯಲ್ಲಾದರೆ ಎಕ್ಸಿಟ್ ಪೋಲ್ ಬರೋದು ನಮ್ಮ ಬೆಳಗಿನ ಜಾವ ಎರಡೂವರೆಗೆ. ಸಂಜೆ ಬೇಗ ಮಲಗಿ, ಎರಡಕ್ಕೆ ಎದ್ದು, ಮನೆಯವರಿಗೆ ತೊಂದರೆಯಾಗದ ಹಾಗೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಕಾಫಿ ಡಿಕಾಕ್ಷನ್ ರಾತ್ರಿಯೇ ಹಾಕಿಟ್ಟಿರುತ್ತೇನೆ. ಅಲ್ಲಿ ಒಂದು ಪದ್ಧತಿ ನನಗೆ ಬಹಳ ಇಷ್ಟ. ಫಲಿತಾಂಶ ಓದುವಾಗ ಗೆದ್ದವರೂ ಸೋತವರೂ ಒಂದೇ ವೇದಿಕೆಯ ಮೇಲೆ ಸಾಲಾಗಿ ನಿಂತಿರುತ್ತಾರೆ. 2024ರಲ್ಲಿ ಮಾಜಿ ಪ್ರಧಾನಿ ಲಿಜ್ ಟ್ರಸ್ ಸೌತ್ ವೆಸ್ಟ್ ನಾರ್ಫಕ್‌ನಲ್ಲಿ 630 ಮತಗಳಿಂದ ಸೋತರು. ಅದರ ಹಿಂದಿನ ಸಲ ಅವರ ಅಂತರ 26,000ಕ್ಕೂ ಜಾಸ್ತಿ ಇತ್ತು. ಸಣ್ಣ ಅಂತರ ಅಂದರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. 2023ರಲ್ಲಿ ಜಯನಗರ 16 ಮತದಲ್ಲಿ ತೀರ್ಮಾನವಾದ ರಾತ್ರಿ ಬೆಂಗಳೂರಿನಲ್ಲಿ ಯಾರು ಮರೆತಾರು? 2004ರಲ್ಲಿ ಸಂತೇಮರಹಳ್ಳಿ ಒಂದೇ ಒಂದು ಮತದಲ್ಲಿ ಹೋಯಿತು.

ನನ್ನಂಥ ಕೆಲಸದವನಿಗೆ ಮಲಾವಿಯ ಕಥೆ ಬೇರೆಯೇ ತೂಕದ್ದು. 2019ರ ಅಧ್ಯಕ್ಷೀಯ ಚುನಾವಣೆಯ ಲೆಕ್ಕದ ಹಾಳೆಗಳಲ್ಲಿ ವೈಟ್‌ನರ್ ಹಚ್ಚಿ ಅಂಕಿ ತಿದ್ದಿದ್ದರು. ಜನ ತಿಂಗಳುಗಟ್ಟಲೆ ಬೀದಿಗಿಳಿದರು. ವಿಚಾರಣೆ ನಡೆಸಿದ ಐದು ನ್ಯಾಯಾಧೀಶರು 2020ರ ಫೆಬ್ರುವರಿಯಲ್ಲಿ, ಗುಂಡು ನಿರೋಧಕ ಅಂಗಿ ತೊಟ್ಟು ಸೈನ್ಯದ ಕಾವಲಿನಲ್ಲಿ ಕೋರ್ಟಿಗೆ ಬಂದು, ಆ ಚುನಾವಣೆಯನ್ನೇ ರದ್ದು ಮಾಡಿದರು. ಜೂನ್ ತಿಂಗಳಲ್ಲಿ ಮರುಚುನಾವಣೆ ಆಯಿತು. ಗೆದ್ದವರು ಲಾಜರಸ್ ಚಕ್ವೇರಾ. ಅವರು ರಾಜಕೀಯಕ್ಕೆ ಬರುವ ಮೊದಲು ಅಸೆಂಬ್ಲೀಸ್ ಆಫ್ ಗಾಡ್ ಸಭೆಯ ಬೋಧಕರು, ಆ ದೇಶದಲ್ಲಿ ಅದರ ಮುಖ್ಯಸ್ಥರೂ ಆಗಿದ್ದವರು. ಸಹಜವಾಗಿ ನಾನು ಅವರನ್ನು ಹತ್ತಿರದಿಂದ ಗಮನಿಸುತ್ತಿದ್ದೆ. ಅಧಿಕಾರದ ವರ್ಷಗಳಲ್ಲಿ ಬೆಲೆ ಏರಿತು, ಪೆಟ್ರೋಲಿಗೆ ಉದ್ದ ಕ್ಯೂ ಬಂತು, ಜನ ಬೇಸತ್ತರು. 2025ರ ಸೆಪ್ಟೆಂಬರ್‌ನಲ್ಲಿ ಅವರು ದೊಡ್ಡ ಅಂತರದಿಂದ ಸೋತರು. ಅಧಿಕೃತ ಘೋಷಣೆ ಆಗುವ ಮೊದಲೇ ದೇಶವನ್ನು ಉದ್ದೇಶಿಸಿ ಮಾತಾಡಿ, ಸೋಲು ಒಪ್ಪಿಕೊಂಡು, ಗೆದ್ದ ಪೀಟರ್ ಮುಥರಿಕಾ ಅವರಿಗೆ ಶುಭ ಕೋರಿದರು. ಬೋಧಕನೊಬ್ಬ ಕುರ್ಚಿ ಹತ್ತುವುದು ಸರಿಯೋ ತಪ್ಪೋ ಅಂತ ನನಗೆ ಇವತ್ತಿಗೂ ಗಟ್ಟಿ ಅಭಿಪ್ರಾಯವಿದೆ, ಹತ್ತಬಾರದು ಅಂತಲೇ. ಆದರೆ ಇಳಿಯುವುದಾದರೆ ಹೀಗೆ ಇಳಿಯಬೇಕು.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಬಗ್ಗೆ ಕೇಳಿದರೆ ಸಂಡೇ ಸ್ಕೂಲ್ ಮಕ್ಕಳು ಕಣ್ಣರಳಿಸುತ್ತಾರೆ. ಅಲ್ಲಿ ಗೋಲಿಯಲ್ಲಿ ವೋಟು ಹಾಕುತ್ತಾರೆ. ಅಭ್ಯರ್ಥಿಗೊಂದು ಬಣ್ಣದ ಡ್ರಮ್ಮು, ಅದರ ಮೇಲೆ ಅವರ ಫೋಟೊ. ಗೋಲಿ ಕೊಳವೆಯೊಳಗೆ ಇಳಿದು ಒಳಗಿನ ಗಂಟೆಗೆ ತಾಗಿದಾಗ ಟಿಣ್ ಅನ್ನುತ್ತದೆ. ಎರಡು ಸಲ ಶಬ್ದ ಬಂದರೆ ಯಾರೋ ಎರಡು ಹಾಕಿದರು ಅಂತ ಸಿಬ್ಬಂದಿಗೆ ಗೊತ್ತಾಗುತ್ತದೆ. ಗೋಲಿ ಪುಟಿದು ಮತ್ತೆ ಸದ್ದಾಗಬಾರದು ಅಂತ ತಳದಲ್ಲಿ ಮರಳು ಇಲ್ಲವೇ ಮರದ ಹೊಟ್ಟು. ಸೈಕಲ್ ಬೆಲ್ಲಿನಿಂದ ಗೊಂದಲ ಆಗಬಾರದು ಅಂತ ಮತಗಟ್ಟೆ ಹತ್ತಿರ ಸೈಕಲ್‌ಗೂ ನಿಷೇಧ. 22 ವರ್ಷ ಆಳಿದ ಯಾಹ್ಯಾ ಜಮ್ಮೆ 2016ರ ಡಿಸೆಂಬರ್‌ನಲ್ಲಿ ಸೋತದ್ದು ಈ ಗೋಲಿಗಳಿಂದಲೇ. ಓದು ಬಾರದವರೂ ಯಾರ ಸಹಾಯವಿಲ್ಲದೆ, ಗುಟ್ಟಾಗಿ ಮತ ಹಾಕಬಹುದು. ಇದಕ್ಕಿಂತ ಜಾಣ ಏರ್ಪಾಡು ನಾನು ಕಂಡಿಲ್ಲ.

ಪ್ರಸಂಗದಲ್ಲಿ, ಅಂದರೆ ಆರಾಧನೆಯ ಉಪದೇಶದಲ್ಲಿ, ನಾನು ಎಲೆಕ್ಷನ್ ತರುವುದು ಅಪರೂಪ. ಒಂದು ಸಲ ತಂದಿದ್ದೆ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಮೊದಲ ಅಧ್ಯಾಯದಲ್ಲಿ, ಯೇಸುವಿಗೆ ದ್ರೋಹ ಮಾಡಿದ ಶಿಷ್ಯ ಯೂದನ ಜಾಗಕ್ಕೆ ಇಬ್ಬರ ಹೆಸರು ಬಂದಾಗ ಪ್ರಾರ್ಥನೆ ಮಾಡಿ ಚೀಟು ಹಾಕುತ್ತಾರೆ, ಮತ್ತೀಯನಿಗೆ ಬೀಳುತ್ತದೆ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 2017ರ ಚುನಾವಣೆಯಲ್ಲಿ ಇಬ್ಬರಿಗೂ 11,608 ಮತ ಬಂದು, ಮುಂದಿನ ಜನವರಿಯಲ್ಲಿ ಹೆಸರುಗಳನ್ನು ಹಳೇ ಫಿಲ್ಮ್ ಡಬ್ಬಿಗಳಲ್ಲಿ ಹಾಕಿ ಒಂದು ಬಟ್ಟಲಿನಿಂದ ಎತ್ತಿದರು. ರಾಜ್ಯದ ಕೆಳಮನೆಯಲ್ಲಿ ಯಾರಿಗೆ ಬಹುಮತ ಅನ್ನುವುದೇ ಆ ಒಂದು ಡಬ್ಬಿಯಿಂದ ತೀರ್ಮಾನವಾಯಿತು. ಆವತ್ತು ಸೋತ ಶೆಲ್ಲಿ ಸೈಮಂಡ್ಸ್ 2019ರಲ್ಲಿ ಅದೇ ಎದುರಾಳಿಯ ಮೇಲೆ ಗೆದ್ದರು. ಆರಾಧನೆ ಮುಗಿದ ಮೇಲೆ, ಯಾವತ್ತೂ ನನ್ನ ಜೊತೆ ರಾಜಕೀಯ ಮಾತಾಡದ ಹಿರಿಯರೊಬ್ಬರು ಬಂದು ತಮ್ಮೂರಿನ ಗ್ರಾಮ ಪಂಚಾಯಿತಿಯಲ್ಲೂ ಚೀಟಿ ಎತ್ತಿದ ಕಥೆಯನ್ನು ಅರ್ಧ ಗಂಟೆ ಹೇಳಿದರು.

ನಿಮಗೂ ಶುರು ಮಾಡಬೇಕು ಅನಿಸಿದರೆ ಆಸ್ಟ್ರೇಲಿಯಾದಿಂದ ಶುರು ಮಾಡಿ. ಮತದಾನ ಯಾವಾಗಲೂ ಶನಿವಾರ, 1924ರಿಂದ ವೋಟು ಹಾಕುವುದು ಕಡ್ಡಾಯ, ಹಾಕದಿದ್ದರೆ 20 ಡಾಲರ್ ದಂಡ. ಮೇ ತಿಂಗಳಲ್ಲಾದರೆ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಬಾಗಿಲು ಹಾಕುವಾಗ ನಮಗೆ ಮಧ್ಯಾಹ್ನ ಒಂದೂವರೆ. ಊಟ ಮುಗಿಸಿ ಕೂತರೆ ಸಂಜೆಯೊಳಗೆ ಚಿತ್ರ ಸ್ಪಷ್ಟವಾಗುತ್ತದೆ. ಅವರ ಚುನಾವಣಾ ಆಯೋಗದ ಪುಟದಲ್ಲಿ ಪ್ರತಿ ಕ್ಷೇತ್ರದ ಮೊದಲ ಆಯ್ಕೆಯ ಮತ ಒಂದು ಕಡೆ, ಹಂಚಿಕೆಯಾದ ಮೇಲಿನ ಮತ ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಪಕ್ಕ ಪಕ್ಕ ತೆರೆದಿಟ್ಟುಕೊಂಡು, ಮೊದಲು ಬಂದು ಕೊನೆಗೆ ಸೋತವರು ಯಾವ್ಯಾವ ಕ್ಷೇತ್ರದಲ್ಲಿ ಇದ್ದಾರೆ ಅಂತ ಹುಡುಕಿ.