ಕೂಸಿಗೊಂದು ಕೋಟು ತರುವ ಮುಂಚೆ

ತೋಟದಲ್ಲಿ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಗಡಿಬಿಡಿ ಮುಗಿಯುವ ಹೊತ್ತಿಗೆ ಶಿರಸಿಯ ನಮ್ಮ ಮನೆಗೆ ಫೋನುಗಳು ಶುರುವಾಗುತ್ತವೆ. "ಅತ್ತೆ, ಕೂಸು ಮುಂದಿನ ತಿಂಗಳು ಜರ್ಮನಿಗೆ ಹೋಗ್ತು, ಕೋಟು ಎಂಥದ್ದು ತಗಳವು?" ನಮ್ಮ ಕಡೆ ಹೆಣ್ಣುಮಕ್ಕಳು ಎಷ್ಟೇ ದೊಡ್ಡವರಾದರೂ ಕೂಸುಗಳೇ. ಓದಲಿಕ್ಕೋ ಕೆಲಸಕ್ಕೋ ಮದುವೆಯಾಗಿಯೋ ಹೊರಡುತ್ತಾರೆ. ಉಪ್ಪಿನಕಾಯಿ ಎಷ್ಟು, ಹಪ್ಪಳ ಎಷ್ಟು ಎನ್ನುವುದು ತಾಯಂದಿರಿಗೆ ಗೊತ್ತು. ಕೋಟಿನ ವಿಷಯ ಬಂದಾಗ ಮಾತ್ರ ನನ್ನ ನೆನಪಾಗುತ್ತದೆ. ನಾನೇನು ದರ್ಜಿಯಲ್ಲ. ಮಗಳ ಬಾಳಂತನಕ್ಕೆಂದು ಹೋಗಿ ನೆದರ್ಲೆಂಡ್ಸಿನಲ್ಲಿ ಎರಡು ಚಳಿಗಾಲ ಕಳೆದವಳು, ಮೊದಲನೆಯದರಲ್ಲಿ ಚೆನ್ನಾಗಿ ತೊಯ್ದವಳು, ಅಷ್ಟೇ.

ಆ ತೊಯ್ದ ಕಥೆ ಹೇಳಿದರೆ ಅರ್ಧ ಪಾಠ ಮುಗಿದಂತೆ. ಹೊರಡುವ ಮುಂಚೆ ದೊಡ್ಡ ಪೇಟೆಯೊಂದರ ಅಂಗಡಿಗೆ ಹೋಗಿದ್ದೆವು. ಅಂಗಡಿಯವ "ವಾಟರ್‌ಪ್ರೂಫ್ ಅಮ್ಮಾ, ನೀವೇ ನೋಡಿ" ಅಂತ ಬಾಟಲಿಯಿಂದ ನಾಲ್ಕು ಹನಿ ತೋಳಿನ ಮೇಲೆ ಚಿಮುಕಿಸಿದ. ಹನಿಗಳು ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಉರುಳಿ ಬಿದ್ದವು. ನಾನು ಮಳೆನಾಡಿನವಳು, ಆದರೂ ಮರುಳಾದೆ. ನವೆಂಬರಿನ ಒಂದು ಮಧ್ಯಾಹ್ನ ಮೊಮ್ಮಗುವಿಗೆ ಏನೋ ತರಲು ಅದನ್ನು ಹಾಕಿಕೊಂಡು ಹೊರಟೆ. ಅಲ್ಲಿನ ಮಳೆ ನಮ್ಮದರಂತೆ ದಬದಬನೆ ಹೊಯ್ಯುವುದಿಲ್ಲ. ಸಣ್ಣಗೆ, ಗಾಳಿಯ ಬೆನ್ನೇರಿ, ಅಡ್ಡಡ್ಡ ಬರುತ್ತದೆ. ಕೊಡೆ ಬಿಚ್ಚಿದರೆ ಕೊಡೆಯೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಇಪ್ಪತ್ತು ನಿಮಿಷಕ್ಕೆ ಭುಜ ಒದ್ದೆ, ಆಮೇಲೆ ತೋಳು, ಮನೆ ಸೇರುವಾಗ ಒಳಗಿನ ಸ್ವೆಟರೂ ಹಿಂಡುವ ಹಾಗಾಗಿತ್ತು. ಹೊರಗೆ ಆರು ಡಿಗ್ರಿ. ದೇವಿಮನೆ ಘಟ್ಟದ ಮಳೆಯಲ್ಲಿ ನೆನೆದು ಬಂದರೂ ಬಚ್ಚಲೊಲೆ ಮುಂದೆ ಕೂತರೆ ಸರಿಹೋಗುತ್ತದೆ. ಆ ದಿನದ ನಡುಕ ರಾತ್ರಿಯವರೆಗೂ ಬಿಡಲಿಲ್ಲ.

ಅಂದಿನಿಂದ ನಾನು ಯಾರಿಗೇ ಆಗಲಿ ಮೊದಲು ಕೇಳುವುದು ಒಂದೇ: ಎಷ್ಟು ಚಳಿ ಅಂತ ಅಲ್ಲ, ಎಂಥ ಚಳಿ ಅಂತ. ನೆದರ್ಲೆಂಡ್ಸ್, ಇಂಗ್ಲೆಂಡ್, ಐರ್ಲೆಂಡ್, ಕೆನಡಾದ ವ್ಯಾಂಕೂವರ್ ಕಡೆಯದ್ದು ಹಸಿ ಚಳಿ. ಸೊನ್ನೆಗಿಂತ ಸ್ವಲ್ಪ ಮೇಲೆಯೇ ಇರುತ್ತದೆ, ಆದರೆ ದಿನವೂ ಮಳೆ. ಅದೇ ಕೆನಡಾದ ಒಳನಾಡಿನ ವಿನಿಪೆಗ್‌ನದ್ದು ಒಣ ಚಳಿ. ಜನವರಿಯಲ್ಲಿ ಮೈನಸ್ ಇಪ್ಪತ್ತು ಸಾಮಾನ್ಯ. ಅಲ್ಲಿ ಬೀಳುವುದು ಪುಡಿ ಹಿಮ, ಕೊಡವಿದರೆ ಹೋಗುತ್ತದೆ. ಒಣ ಚಳಿಗೆ ದಪ್ಪ ಬೇಕು, ಹಸಿ ಚಳಿಗೆ ಸೋರದ ಮೇಲ್ಹೊದಿಕೆ ಬೇಕು. ವಿನಿಪೆಗ್‌ಗೆ ಹೇಳಿಮಾಡಿಸಿದ ಕೋಟನ್ನು ಡಬ್ಲಿನ್ನಿಗೆ ಒಯ್ದ ಕೂಸು ಬೆವರಿ ಒದ್ದೆಯಾಗುತ್ತಾಳೆ, ಡಬ್ಲಿನ್ನಿನದನ್ನು ವಿನಿಪೆಗ್‌ಗೆ ಒಯ್ದವಳು ನಡುಗುತ್ತಾಳೆ.

ಈಗ ಅಂಗಡಿಯವನ ಆ ನಾಲ್ಕು ಹನಿಗೆ ಬರುತ್ತೇನೆ. ಹನಿ ಉರುಳಿಸುವುದು ಬಟ್ಟೆಯ ಹೊರಮೈಗೆ ಹಚ್ಚಿದ ಲೇಪ. ಹೊಸ ಕೋಟುಗಳಲ್ಲಿ ಹೆಚ್ಚಿನವಕ್ಕೆ ಅದು ಇದ್ದೇ ಇರುತ್ತದೆ, ನಾಲ್ಕು ಸಲ ಉಟ್ಟು ಒಗೆದರೆ ಸವೆಯುತ್ತದೆ. ನೀರನ್ನು ನಿಜವಾಗಿ ತಡೆಯುವುದು ಬಟ್ಟೆಯ ಒಳಮೈಗೆ ಅಂಟಿಸಿದ ತೆಳು ಪೊರೆ. ಚೀಟಿಯಲ್ಲಿ 'ವಾಟರ್ ರೆಸಿಸ್ಟೆಂಟ್' ಎಂದು ಬರೆದಿದ್ದರೆ ತುಂತುರಿಗೆ ತಡೆದೀತು ಎಂದಷ್ಟೇ ಅರ್ಥ. 'ವಾಟರ್‌ಪ್ರೂಫ್' ಎಂದಿದ್ದರೂ ಅಲ್ಲಿಗೇ ನಂಬಬೇಡಿ, ಪಕ್ಕದಲ್ಲಿ ಅಂಕಿ ಇದೆಯೇ ನೋಡಿ. ಐದು ಸಾವಿರ, ಹತ್ತು ಸಾವಿರ, ಇಪ್ಪತ್ತು ಸಾವಿರ ಮಿಲಿಮೀಟರ್ ಅಂತ ಇರುತ್ತದೆ. ಅದೇನು ಮಳೆಯ ಲೆಕ್ಕವೇ ಎಂದು ನಾನೂ ಕಕ್ಕಾಬಿಕ್ಕಿಯಾಗಿದ್ದೆ. ಅಲ್ಲ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಎಷ್ಟು ಎತ್ತರದವರೆಗೆ ಅದು ಸೋರದೆ ತಾಳಿತು ಎಂದು ಅಳೆಯುತ್ತಾರಂತೆ. ಹತ್ತು ಸಾವಿರ ಅಂದರೆ ಹತ್ತು ಮೀಟರ್, ಹೆಚ್ಚುಕಡಿಮೆ ನಮ್ಮ ಹಿತ್ತಿಲ ಬಾವಿಯಷ್ಟು. ಐದು ಸಾವಿರದ್ದು ಬಸ್‌ಸ್ಟಾಪಿನವರೆಗೆ ಹೋಗಿಬರಲು ಸಾಕು. ದಿನವೂ ನಡೆಯುವವರಿಗೆ ಹತ್ತು ಸಾವಿರ ಕನಿಷ್ಠ. ಬೆನ್ನಿಗೆ ಭಾರದ ಚೀಲ ಹಾಕಿ ಸೈಕಲ್ ತುಳಿಯುವ ಕೂಸಾದರೆ ಹದಿನೈದು–ಇಪ್ಪತ್ತು ಸಾವಿರದ್ದೇ ಇರಲಿ, ಏಕೆಂದರೆ ಚೀಲದ ಪಟ್ಟಿ ಒತ್ತುವ ಭುಜದಲ್ಲೇ ನೀರು ಒಳಗೆ ನುಗ್ಗುವುದು.

ಅಂಕಿ ಎಷ್ಟೇ ಇರಲಿ, ಕೋಟನ್ನು ಒಳಮಗ್ಗುಲಾಗಿ ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ. ಹಂಚಿನ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಾಡು ಸೋರುವುದು ಹಂಚಿನ ನಡುವಿನಲ್ಲಲ್ಲ, ಸಂದಿಯಲ್ಲಿ. ಕೋಟಿನ ಹೊಲಿಗೆಯೂ ಹಾಗೆಯೇ. ಸೂಜಿ ಹೋದ ಕಡೆಯೆಲ್ಲ ತೂತು. ಒಳ್ಳೆಯ ಕೋಟಿನಲ್ಲಿ ಪ್ರತಿ ಹೊಲಿಗೆಯ ಮೇಲೂ ಒಳಗಿನಿಂದ ಪಟ್ಟಿ ಅಂಟಿಸಿರುತ್ತಾರೆ. ಕೆಲವರು ಜಾಣರು, ಭುಜ ಮತ್ತು ಟೊಪ್ಪಿಗೆಗೆ ಮಾತ್ರ ಅಂಟಿಸಿ ಕಂಕುಳು, ಪಕ್ಕೆಯನ್ನು ಬಿಟ್ಟಿರುತ್ತಾರೆ. 'ಫುಲ್ಲಿ ಟೇಪ್ಡ್' ಎಂದಿದ್ದರೆ ಪೂರ್ತಿ, 'ಕ್ರಿಟಿಕಲಿ ಟೇಪ್ಡ್' ಎಂದಿದ್ದರೆ ಅರ್ಧಂಬರ್ಧ. ಅಸ್ತರು ಹೊಲಿದು ಮುಚ್ಚಿದ್ದರೆ ಒಳಗಡೆ ಕಾಣುವುದಿಲ್ಲ, ಆಗ ಚೀಟಿಯನ್ನೇ ಓದಬೇಕು. ನನ್ನ ಆ ಮೊದಲ ಕೋಟಿಗೆ ಒಂದು ಪಟ್ಟಿಯೂ ಇರಲಿಲ್ಲ.

ಸೊಗಸಿನ ಉಣ್ಣೆ ಕೋಟಿನ ಆಸೆ ಎಲ್ಲ ಕೂಸುಗಳಿಗೂ ಇರುತ್ತದೆ. ಬೆಚ್ಚಗಿರುತ್ತದೆ, ನಿಜ. ಮಳೆಗಾಲದಲ್ಲಿ ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದರಲ್ಲ, ಅದೂ ಉಣ್ಣೆಯೇ. ಕುರಿಯ ಮೈಯ ಜಿಡ್ಡು ಉಳಿದ ಒರಟು ಕಂಬಳಿ ಸುಮಾರು ಹೊತ್ತು ನೀರನ್ನು ಒಳಗೆ ಬಿಡುತ್ತಿರಲಿಲ್ಲ. ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಆದರೆ ಪೇಟೆಯ ನಯವಾದ ಉಣ್ಣೆ ಕೋಟಿನಲ್ಲಿ ಆ ಜಿಡ್ಡನ್ನು ತೊಳೆದು ತೆಗೆದಿರುತ್ತಾರೆ. ಜೋರು ಮಳೆಗೆ ಸಿಕ್ಕರೆ ಅದು ನೆನೆದ ಗೋಣಿಚೀಲ. ಮದುವೆಮನೆಗೆ, ಆಫೀಸಿಗೆ ಇರಲಿ ಒಂದು, ಅದೊಂದನ್ನೇ ನಂಬಿ ಹೋಗಬಾರದು.

ಹಾಗಾದರೆ ನೀರು ಚೂರೂ ಒಳಗೆ ಬಿಡದ ದಪ್ಪ ಪ್ಲಾಸ್ಟಿಕ್ಕೇ ಸಾಕಲ್ಲ? 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಬಳಿದು ಪೇಟೆಂಟ್ ಪಡೆದದ್ದು ಇಂಥದ್ದಕ್ಕೇ. ನಮ್ಮ ಮಾವನವರ ಹತ್ತಿರ ಅಂಥದ್ದೊಂದು ರಬ್ಬರ್ ರೇನ್‌ಕೋಟ್ ಇತ್ತು. ಮಳೆಯಲ್ಲಿ ತೋಟ ಸುತ್ತಿ ಬಂದರೆ ಹೊರಗಿನಿಂದ ಒಂದು ಹನಿ ಹೋಗಿರುತ್ತಿರಲಿಲ್ಲ, ಒಳಗೆ ಅಂಗಿ ಮಾತ್ರ ಬೆವರಿನಲ್ಲಿ ತೊಪ್ಪೆ. ಚಳಿ ದೇಶದಲ್ಲಿ ಆ ಬೆವರೇ ತಣ್ಣಗಾಗಿ ಬೆನ್ನಿಗೆ ಅಂಟಿದರೆ ಮಳೆಯಲ್ಲಿ ನೆನೆದಷ್ಟೇ ಕಷ್ಟ. ಅದಕ್ಕೇ ಉಸಿರಾಡುವ ಬಟ್ಟೆ ಬೇಕು ಎನ್ನುವುದು. ಅಮೆರಿಕದ ಬಾಬ್ ಗೋರ್ 1969ರಲ್ಲಿ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಸರಕ್ಕನೆ ಎಳೆದು ಹಿಗ್ಗಿಸಿದಾಗ ಸಿಕ್ಕ ಪೊರೆಯಿಂದ ಗೋರ್‌ಟೆಕ್ಸ್ ಬಂತು. ಅದರ ರಂಧ್ರ ನೀರಿನ ಹನಿಗೆ ತೀರಾ ಕಿರಿದು, ಬೆವರಿನ ಆವಿಗೆ ಸಾಕಷ್ಟು ದೊಡ್ಡದು. ಈಗ ಇಂಥ ಪೊರೆಗಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬೆಲೆಯಲ್ಲಿ ಸಿಗುತ್ತವೆ. ಇದಕ್ಕೂ ಚೀಟಿಯಲ್ಲಿ ಅಂಕಿ ಇರುತ್ತದೆ: ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಬಿಟ್ಟಿತು ಎಂದು. ಹತ್ತು ಸಾವಿರದ ಆಸುಪಾಸು ಇದ್ದರೆ ನಡೆಯುವವರಿಗೆ ಸಾಕು. ಕಂಕುಳಲ್ಲಿ ಜಿಪ್ ಇಟ್ಟಿದ್ದರೆ ಅಂಕಿಗಿಂತ ಅದೇ ಹೆಚ್ಚು ಉಪಕಾರಿ ಎಂಬುದು ನನ್ನ ಅನುಭವ.

ಬೆಚ್ಚಗಿಡುವ ತುಂಬುವಿಕೆಯಲ್ಲಿ ಎರಡು ಬಗೆ. ಬಾತುಕೋಳಿಯ ಎದೆಯ ಮೆತ್ತನೆಯ ಪುಕ್ಕ, ಇಲ್ಲವೇ ಪಾಲಿಯೆಸ್ಟರ್ ಎಳೆಯ ಕೃತಕ ಹತ್ತಿ. ಪುಕ್ಕದ ಕೋಟಿನ ಮೇಲೆ 550, 650, 800 ಎಂದು ಬರೆದಿರುತ್ತದೆ. ಪುಕ್ಕ ಎಷ್ಟು ಉಬ್ಬುತ್ತದೆ ಎಂಬ ಲೆಕ್ಕ ಅದು. ಅಂಕಿ ಹೆಚ್ಚಿದಷ್ಟೂ ಅದೇ ಬಿಸುಪಿಗೆ ಕೋಟು ಹಗುರ. ಒಣ ಚಳಿಗೆ ಇದನ್ನು ಮೀರಿಸಿದ್ದಿಲ್ಲ. ಆದರೆ ನೆನೆದರೆ ಪುಕ್ಕವೆಲ್ಲ ಒದ್ದೆ ಅವಲಕ್ಕಿಯ ಹಾಗೆ ಮುದ್ದೆ, ಬಿಸುಪು ಸೊನ್ನೆ. ಕೃತಕ ಹತ್ತಿ ಸ್ವಲ್ಪ ಭಾರ, ಆದರೆ ತೇವವಾದರೂ ಪೂರ್ತಿ ಕೈಬಿಡುವುದಿಲ್ಲ. ಪ್ರೈಮಾಲಾಫ್ಟ್ ಎಂಬುದನ್ನು 1980ರ ದಶಕದಲ್ಲಿ ಅಮೆರಿಕದ ಸೇನೆಗೆಂದು ಮಾಡಿದ್ದೂ ಇದೇ ಕಾರಣಕ್ಕೆ. ಪ್ರಾಣಿಯದ್ದು ಬೇಡ ಎನ್ನುವ ನಮ್ಮಂಥ ಮನೆಗಳಿಗೂ ಅದೇ ಸರಿ. ಹಸಿ ಚಳಿಗೆ ಹೋಗುವವರಿಗೆ ನಾನು ಹೇಳುವುದು, ಎರಡನ್ನು ಬೇರೆ ಬೇರೆ ಕೊಳ್ಳಿ: ಮೇಲಕ್ಕೆ ಸೋರದ ತೆಳು ಕೋಟು, ಒಳಗೆ ಹಗುರವಾದ ಕೃತಕ ಹತ್ತಿಯ ಜಾಕೆಟ್ಟು. ಮಳೆ ಇದ್ದು ಚಳಿ ಇಲ್ಲದ ದಿನ ಮೇಲಿನದೊಂದೇ, ಚಳಿ ಇದ್ದು ಮಳೆ ಇಲ್ಲದ ದಿನ ಒಳಗಿನದೊಂದೇ. ಒಳಗಿನದನ್ನು, ಉಣ್ಣೆ ಟೊಪ್ಪಿ–ಶಾಲುಗಳನ್ನು ನಾವು ಮುಂಡಗೋಡಿನ ಟಿಬೆಟನ್ ಕ್ಯಾಂಪಿನಿಂದಲೇ ತಂದದ್ದು. 1966ರಿಂದ ಅಲ್ಲಿ ನೆಲೆಸಿದ ಜನ, ಚಳಿಯ ಬಟ್ಟೆ ಅವರಿಗೆ ಗೊತ್ತಿರುವಷ್ಟು ನಮಗೆಲ್ಲಿ ಗೊತ್ತು?

ಇನ್ನು ಚಂದದ ಮಾತು. ಅದನ್ನು ಹಗುರವಾಗಿ ತೆಗೆದುಕೊಳ್ಳುವವಳಲ್ಲ ನಾನು. ಐದು ತಿಂಗಳು ದಿನವೂ ಹಾಕುವ ಬಟ್ಟೆ, ಕನ್ನಡಿ ನೋಡಿದಾಗ ಗಾದಿ ಸುತ್ತಿಕೊಂಡ ಹಾಗೆ ಕಂಡರೆ ಕೂಸು ಅದನ್ನು ಕಪಾಟಿನಲ್ಲಿಟ್ಟು ತೆಳ್ಳನೆಯದನ್ನು ಹಾಕಿಕೊಂಡು ನಡುಗುತ್ತಾ ಹೋಗುತ್ತಾಳೆ. ದಪ್ಪ ದಪ್ಪ ಅಡ್ಡಪಟ್ಟಿಯ ಪುಕ್ಕದ ಕೋಟು ಮೈಯನ್ನು ಅಗಲ ತೋರಿಸುತ್ತದೆ. ಪಟ್ಟಿ ಕಿರಿದಿದ್ದರೆ, ಸೊಂಟದ ಹತ್ತಿರ ಇನ್ನೂ ಕಿರಿದಾಗಿದ್ದರೆ ಚೆಂದ. ಪ್ರಿನ್ಸೆಸ್ ಕಟ್ ಎಂದು ನಮ್ಮ ಟೇಲರುಗಳು ರವಿಕೆಗೆ ಹಾಕುತ್ತಾರಲ್ಲ, ಅದೇ ಉದ್ದ ಹೊಲಿಗೆ ಕೋಟಿಗಿದ್ದರೂ ಮೈಗೆ ಒಪ್ಪುತ್ತದೆ. ಒಳಗಡೆಯಿಂದ ಎಳೆಯುವ ಸೊಂಟದ ದಾರ ಹೊರಗಿನ ಬೆಲ್ಟಿಗಿಂತ ಮೇಲು, ಬೆಲ್ಟು ಮಳೆಯಲ್ಲಿ ನೀರು ಕುಡಿದು ಜೋತುಬೀಳುತ್ತದೆ. ಅಂಚು ಸೊಂಟದ ಕೆಳಗೆ ಅತಿ ಅಗಲವಾದ ಜಾಗದಲ್ಲೇ ನಿಂತರೆ ಎಲ್ಲರ ಕಣ್ಣೂ ಅಲ್ಲಿಗೇ. ಅರ್ಧ ತೊಡೆಯವರೆಗೋ ಮೊಣಕಾಲಿನ ಮೇಲಕ್ಕೋ ಬರಲಿ. ಮಿರಿಮಿರಿ ಹೊಳೆಯುವುದಕ್ಕಿಂತ ಮಂಕು ಬಟ್ಟೆ ಸಪೂರ ತೋರಿಸುತ್ತದೆ.

ಬಣ್ಣ ಕಪ್ಪೇ ಬೇಕು ಅಂತ ಹಟ ಹಿಡಿಯುತ್ತಾರೆ ಈಗಿನವರು. ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ ತಂಗೀ, ಕಪ್ಪು ಕೋಟು ಹಾಕಿ ರಸ್ತೆ ದಾಟುವವಳು ಕಾರಿನವನಿಗೆ ಕಾಣುವುದು ಹೇಗೆ? ಕುಂಕುಮದ ಬಣ್ಣವೋ ಅರಿಶಿನವೋ ಇರಲಿ, ನಮ್ಮ ಮೈಬಣ್ಣಕ್ಕೆ ಒಪ್ಪುವುದೂ ಅದೇ. ಕಪ್ಪೇ ಆಗಬೇಕಾದರೆ ಬೆಳಕಿಗೆ ಮಿನುಗುವ ಪಟ್ಟಿಯಾದರೂ ಇರಲಿ.

ಸೀರೆಯವರಿಗೆ ಒಂದೆರಡು ಮಾತು. ಕೋಟು ಹಾಕಿ ನೋಡುವಾಗ ಸೀರೆ ಉಟ್ಟೇ ಹೋಗಿ. ಸೆರಗಿನ ನೆರಿಗೆ ಎಡಭುಜದ ಮೇಲೆ ಗುಡ್ಡವಾಗಿ, ಬಲಗಡೆ ಸರಿಯಿದ್ದ ಕೋಟು ಎಡಗಡೆ ಬಿಗಿಯುತ್ತದೆ. ಉದ್ದ ಕೋಟಾದರೆ ಜಿಪ್ಪು ಕೆಳಗಿನಿಂದಲೂ ತೆರೆಯುವಂತಿರಲಿ, ಇಲ್ಲದಿದ್ದರೆ ಮೆಟ್ಟಿಲು ಹತ್ತುವಾಗ ಕಾಲು ಚಾಚಲಾಗದು. ಇಷ್ಟೆಲ್ಲ ಮಾಡಿಯೂ ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಎರಡನೇ ಚಳಿಗಾಲ ನಾನು ಸಲ್ವಾರಿಗೆ ಶರಣಾದೆ. ಯಾರಿಗೂ ಹೇಳಬೇಡಿ ಎಂದಿದ್ದೆ, ಮಗಳು ಫೋಟೋ ಹಾಕಿಬಿಟ್ಟಳು. ಕೂಸುಗಳೂ ಒಳಗೆ ದಪ್ಪ ಸ್ವೆಟರ್ ಹಾಕಿಯೇ ಅಳತೆ ನೋಡಿ. ಎರಡೂ ಕೈ ಮೇಲೆತ್ತಿದಾಗ ತೋಳು ಮಣಿಕಟ್ಟಿನಿಂದ ಜಾರಬಾರದು. ಟೊಪ್ಪಿಗೆ ಹಾಕಿ ಕತ್ತು ತಿರುಗಿಸಿದರೆ ಟೊಪ್ಪಿಗೆಯೂ ಜೊತೆಗೇ ತಿರುಗಬೇಕು, ಇಲ್ಲದಿದ್ದರೆ ನೋಡುವುದು ಬಟ್ಟೆಯನ್ನೇ.

ಊರಲ್ಲೇ ಕೊಂಡರೆ ಒಂದು ಲಾಭವಿದೆ: ಪರೀಕ್ಷೆಗೆ ನಮ್ಮ ಆಗಸ್ಟಿನ ಮಳೆಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಜೇಬಿನಲ್ಲಿ, ತೋಳಿನಲ್ಲಿ, ಭುಜದ ಕೆಳಗೆ ಒಣ ಪತ್ರಿಕೆಯ ಚೂರು ಇಟ್ಟು, ಚೀಲ ಹೊತ್ತು ಅರ್ಧ ಗಂಟೆ ನಡೆದು ಬರಲಿ. ಯಾವ ಚೂರು ಒದ್ದೆಯೋ ಅಲ್ಲಿ ಸೋರುತ್ತದೆ. ಅಂಗಡಿಗೆ ವಾಪಸು ಕೊಡುವ ಅವಕಾಶ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಒಗೆಯುವುದನ್ನು ಹೆದರಿ ಬಿಡುವವರೇ ಹೆಚ್ಚು. ಕೊಳೆ, ಮೈಯ ಜಿಡ್ಡು ಕೂತರೆ ಹೊರಲೇಪ ಕೆಲಸ ಮಾಡುವುದಿಲ್ಲ, ಬಟ್ಟೆ ನೀರು ಕುಡಿದು ಆವಿ ಹೊರಹೋಗುವುದೂ ನಿಲ್ಲುತ್ತದೆ. ಹಳೆಯ ಲೇಪಗಳಲ್ಲಿ ಫ್ಲೋರಿನ್ ರಾಸಾಯನಿಕ ಇರುತ್ತಿತ್ತು, ಅವು ಮಣ್ಣು–ನೀರಿನಲ್ಲಿ ಕರಗದೆ ಉಳಿಯುತ್ತವೆಂದು ಈಗ ಬಿಡುತ್ತಿದ್ದಾರೆ. ಹೊಸ ಲೇಪಗಳು ಎಣ್ಣೆಜಿಡ್ಡಿಗೆ ಬೇಗ ಸೋಲುತ್ತವೆ, ಹಾಗಾಗಿ ಇನ್ನೂ ಹೆಚ್ಚು ಸಲ ಒಗೆಯಬೇಕು. ಚೀಟಿ ಓದಿ, ಸೌಮ್ಯ ದ್ರವದಲ್ಲಿ. ಬಟ್ಟೆ ಮೆದು ಮಾಡುವ ಪರಿಮಳದ ದ್ರವ ಮಾತ್ರ ಸರ್ವಥಾ ಬೇಡ. ಒಣಗಿದ ಮೇಲೆ ಚೀಟಿ ಒಪ್ಪಿದರೆ ಡ್ರೈಯರಿನ ಸಣ್ಣ ಬಿಸಿಗೆ ಇಪ್ಪತ್ತು ನಿಮಿಷ ಹಾಕಿದರೆ ಲೇಪ ಮತ್ತೆ ಜೀವ ತಾಳುತ್ತದೆ, ಹನಿ ಮತ್ತೆ ಕೆಸುವಿನೆಲೆಯ ಆಟ ಆಡುತ್ತದೆ. ಪುಕ್ಕದ ಕೋಟಾದರೆ ಡ್ರೈಯರಿಗೆ ಎರಡು ಮೂರು ಟೆನಿಸ್ ಚೆಂಡು ಹಾಕಿ, ಮುದ್ದೆ ಬಿಡಿಸುತ್ತವೆ. ಬಚ್ಚಲೊಲೆಯ ಮೇಲೆ ಒಣಹಾಕುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಒಂದು ಕಿಡಿ ಸಾಕು, ನೈಲಾನ್ ಕರಗಿ ತೂತು.

ಕೊನೆಗೆ, ಅಟ್ಟದ ಮೇಲಿನ ಸೂಟ್‌ಕೇಸಿನ ಕೋಟು. "ಅಕ್ಕ ಆರು ವರ್ಷದ ಹಿಂದೆ ತಂದದ್ದು ಹೊಸದರ ಹಾಗೇ ಇದ್ದು, ತಂಗಿಗೆ ಕೊಟ್ಟು ಕಳಸಲಾ?" ಎಂದು ಕೇಳುವವರಿದ್ದಾರೆ. ತೆಗೆದು ಒಳಮೈ ಮುಟ್ಟಿ ನೋಡಿ. ಪಾಲಿಯುರೆಥೇನ್ ಲೇಪ ನಮ್ಮ ಸೆಕೆ ಮತ್ತು ತೇವದಲ್ಲಿ ತನ್ನಷ್ಟಕ್ಕೇ ಮುರಿಯುತ್ತದೆ. ಮೊದಲು ಅಂಟಂಟು, ಆಮೇಲೆ ಹಾವಿನ ಪೊರೆಯ ಹಾಗೆ ಸುಲಿದು ಬರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕಾರವಾರ, ಕುಮಟಾದ ಕಡಲಂಚಿನ ಮನೆಗಳಲ್ಲಂತೂ ಇನ್ನೂ ಬೇಗ. ಆರು ಮಳೆಗಾಲ ಅಟ್ಟದಲ್ಲಿ ಕಳೆದ ಕೋಟು ಒಂದು ಮಳೆಯಲ್ಲೂ ನೆನೆಯದೆ ಹಾಳಾಗಿರಬಹುದು. ಉಳಿಸಬೇಕೆಂದರೆ ಪೂರ್ತಿ ಒಣಗಿಸಿ, ಮಡಚದೆ, ಗಾಳಿಯಾಡುವ ಕಪಾಟಿನಲ್ಲಿ ಹ್ಯಾಂಗರಿಗೆ ತೂಗುಹಾಕಿ, ಮಳೆಗಾಲದ ನಡುವೆ ಒಂದು ಬಿಸಿಲು ಬಿದ್ದ ದಿನ ಹೊರಗೆ ನೆರಳಿನಲ್ಲಿ ಗಾಳಿಗಿಡಿ. ನನ್ನ ಎರಡನೆಯ ಕೋಟು, ಆ ಅರಿಶಿನ ಬಣ್ಣದ್ದು, ಹಾಗೆಯೇ ತೂಗುತ್ತಿದೆ. ಬರುವ ಸೆಪ್ಟೆಂಬರಿಗೆ ತಮ್ಮನ ಮೊಮ್ಮಗಳು ಅದನ್ನು ಹಾಕಿಕೊಂಡು ಹೊರಡುವವಳಿದ್ದಾಳೆ. ತೋಳು ಎರಡು ಇಂಚು ಗಿಡ್ಡವಾಗುತ್ತದೆ, ಉದ್ದದ ಕೈಗವಸು ಹುಡುಕಬೇಕು.