‘ನನಗಲ್ಲ, ನನ್ನ ಸ್ನೇಹಿತನಿಗೆ’

ಲೈಂಗಿಕ ಆರೋಗ್ಯದ ಕ್ಲಿನಿಕ್ಕಿನಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡುತ್ತೇನೆ. ನನ್ನೆದುರು ಕೂತವರಲ್ಲಿ ತುಂಬ ಜನ ಮಾತು ಶುರು ಮಾಡುವುದು ಒಂದೇ ರೀತಿ: ‘ನನಗಲ್ಲ, ನನ್ನ ಸ್ನೇಹಿತನಿಗೆ ಹೀಗಾಗಿದೆ.’ ಮೊದಮೊದಲು ಒಳಗೊಳಗೇ ನಗು ಬರುತ್ತಿತ್ತು. ಈಗ ಆ ಸ್ನೇಹಿತನ ಜೊತೆಗೇ ಮಾತಾಡುತ್ತೇನೆ. ‘ನಿಮ್ಮ ಸ್ನೇಹಿತರಿಗೆ ಉರಿಮೂತ್ರ ಯಾವಾಗಿನಿಂದ?’ ಅಂತ ಕೇಳುತ್ತೇನೆ. ನಾಲ್ಕೈದು ಪ್ರಶ್ನೆ ಆಗುವಷ್ಟರಲ್ಲಿ ಸ್ನೇಹಿತ ಎದ್ದು ಹೋಗಿರುತ್ತಾನೆ, ‘ನನಗೆ’ ಅನ್ನುವ ಮಾತು ಬಂದಿರುತ್ತದೆ.

ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕನ್ನು ಹಳಬರು ಗುಪ್ತರೋಗ ಅಂತಾರೆ. ಬೇರೆಯವರಿಂದ ಮುಚ್ಚಿಡುವ ರೋಗ ಅನ್ನೋ ಅರ್ಥದಲ್ಲಿ ಹೇಳುವುದು. ಕೆಲಸಕ್ಕೆ ಸೇರಿ ಸ್ವಲ್ಪ ದಿನದಲ್ಲೇ ನನಗೆ ಇನ್ನೊಂದು ಅರ್ಥ ಹೊಳೆಯಿತು. ಇದು ಬಂದವರಿಗೂ ಗುಪ್ತವೇ. ಕ್ಲಮೈಡಿಯಾ ಬಂದ ಹೆಂಗಸರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಬಿಳಿ ಹೋಗುವುದು, ಉರಿ, ನೋವು ಯಾವುದೂ ಇರುವುದಿಲ್ಲ. ಒಳಗೊಳಗೇ ಗರ್ಭನಾಳಕ್ಕೆ ಪೆಟ್ಟು ಬಿದ್ದು, ಮಗು ಬೇಕು ಅಂದಾಗಲೇ ವಿಷಯ ಹೊರಬರುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್, ಟ್ರೈಕೊಮೊನಿಯಾಸಿಸ್ ಈ ನಾಲ್ಕೇ ಸೇರಿ ಜಗತ್ತಿನಲ್ಲಿ 37.4 ಕೋಟಿ ಹೊಸ ಸೋಂಕುಗಳು. ನಾಲ್ಕಕ್ಕೂ ಮದ್ದು ಇದೆ. ಮದ್ದು ತಗೊಳ್ಳಬೇಕು ಅಂತ ಗೊತ್ತಾಗಬೇಕಲ್ಲ, ಕಷ್ಟ ಇರೋದು ಅಲ್ಲಿ.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಒಬ್ಬರು ಗಾಬರಿಯಿಂದ ಬಂದರು. ಕಾಂಡೋಮ್ ಇಲ್ಲದೆ ಒಂದು ಸಲ ಸಂಪರ್ಕ ಆಗಿ ಹನ್ನೆರಡು ದಿನ. ರಕ್ತ ಪರೀಕ್ಷೆಯಲ್ಲಿ ಎಲ್ಲವೂ ನೆಗೆಟಿವ್ ಬಂತು. ‘ಏನೂ ಇಲ್ಲ, ಆರಾಮಾಗಿ ಹೋಗಿ’ ಅಂದೆ. ಅವರ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು. ಎರಡೂವರೆ ತಿಂಗಳಾದ ಮೇಲೆ ಮತ್ತೆ ಬಂದರು. ಎರಡೂ ಅಂಗೈ ಮೇಜಿನ ಮೇಲೆ ಚಾಚಿದರು. ಅಂಗೈ ತುಂಬ ತಾಮ್ರದ ಬಣ್ಣದ ಚುಕ್ಕೆಗಳು. ತುರಿಕೆ ಇಲ್ಲ, ನೋವಿಲ್ಲ. ಅಂಗಾಲಲ್ಲೂ ಹಾಗೇ. ಸಿಫಿಲಿಸ್ ಎರಡನೇ ಹಂತಕ್ಕೆ ಬಂದಿತ್ತು.

‘ಮಧ್ಯದಲ್ಲಿ ಹುಣ್ಣೇನಾದರೂ ಆಗಿತ್ತಾ?’

‘ಒಂದು ಆಗಿತ್ತು. ನೋವೇ ಇರಲಿಲ್ಲ, ತಾನಾಗೇ ಒಣಗಿತು. ನೀವು ಏನೂ ಇಲ್ಲ ಅಂದಿದ್ರಲ್ಲ, ಅದಕ್ಕೆ ಸುಮ್ನಾದೆ.’

ಆ ‘ನೀವು ಅಂದಿದ್ರಲ್ಲ’ ಇವತ್ತಿಗೂ ಕಿವಿಯಲ್ಲಿದೆ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ಮೂರು ವಾರಕ್ಕೆ ಕಾಣಿಸುತ್ತದೆ. ಕೆಲವರಿಗೆ ಹತ್ತೇ ದಿನಕ್ಕೆ, ಕೆಲವರಿಗೆ ತೊಂಬತ್ತು ದಿನಕ್ಕೆ. ಮದ್ದು ಮಾಡದಿದ್ದರೂ ಮೂರರಿಂದ ಆರು ವಾರದಲ್ಲಿ ಮಾಯುತ್ತದೆ. ಹುಣ್ಣು ಮಾತ್ರ ಮಾಯುವುದು, ರೋಗಾಣು ರಕ್ತದಲ್ಲಿ ಹಾಗೇ ಇರುತ್ತದೆ. ಹನ್ನೆರಡನೇ ದಿನದ ಪರೀಕ್ಷೆ ಸುಳ್ಳಾಗಿರಲಿಲ್ಲ. ಅದು ಹೇಳದ್ದನ್ನು ನಾನು ಹೇಳಿದ್ದೆ. ಅಷ್ಟರಲ್ಲಿ ಅವರ ಹೆಂಡತಿಗೂ ಬಂದಿತ್ತು. ಇಬ್ಬರಿಗೂ ಡಾಕ್ಟರು ಬೆಂಜಥೀನ್ ಪೆನಿಸಿಲಿನ್ ಕೊಡಿಸಿದರು, 24 ಲಕ್ಷ ಯೂನಿಟ್, ಸೊಂಟದ ಕೆಳಗೆ ಸೂಜಿ. ಆ ಹಂತದಲ್ಲಿ ಒಂದು ಡೋಸ್ ಸಾಕು. ಇಂಜೆಕ್ಷನ್ ಮುಗಿದ ಮೇಲೆ ಆ ಹೆಂಗಸು ನನ್ನ ಮೇಜಿನ ಹತ್ತಿರ ನಿಂತು ಏನೂ ಮಾತಾಡದೆ ಹೋದರು.

ಅವತ್ತಿನಿಂದ ನನ್ನ ಮೇಜಿನ ಮೇಲೆ ಕ್ಯಾಲೆಂಡರ್ ಇರುತ್ತದೆ. ಬಂದವರ ಕೈಗೆ ಪೆನ್ ಕೊಟ್ಟು, ಸಂಪರ್ಕ ಆದ ದಿನಕ್ಕೆ ಅವರಿಂದಲೇ ಸುತ್ತು ಹಾಕಿಸುತ್ತೇನೆ. ಅಲ್ಲಿಂದ ಎಣಿಸುತ್ತಾ ಹೋಗುತ್ತೇವೆ. ಗೊನೊರಿಯಾ, ಕ್ಲಮೈಡಿಯಾಕ್ಕೆ ಎರಡು ವಾರ ಆದ ಮೇಲೆ ಪರೀಕ್ಷೆ. ಎಚ್‌ಐವಿಗೆ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಆಂಟಿಜನ್ (ವೈರಸ್ಸಿನದೇ ತುಣುಕು), ಆಂಟಿಬಾಡಿ (ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯ) ಎರಡನ್ನೂ ನೋಡುವ ಪರೀಕ್ಷೆಯಾದರೆ 45 ದಿನ. ಬೆರಳು ಚುಚ್ಚಿ ಆಂಟಿಬಾಡಿ ಮಾತ್ರ ನೋಡುವ ಕಿಟ್ ಆದರೆ 90 ದಿನ. ಸಿಫಿಲಿಸ್ ಪೂರ್ತಿ ಇಲ್ಲ ಅನ್ನಬೇಕಾದರೆ ಮೂರು ತಿಂಗಳು. ಸೋಂಕು ತಗಲಿದ ಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಹಿಡಿಯುವ ಈ ಕಾಲವನ್ನೇ ವಿಂಡೋ ಪೀರಿಯಡ್ ಅನ್ನುವುದು. ಆ ಪದಕ್ಕಿಂತ ಕ್ಯಾಲೆಂಡರಿನ ಮೇಲಿನ ಸುತ್ತು ಜನರ ತಲೆಯಲ್ಲಿ ಚೆನ್ನಾಗಿ ಉಳಿಯುತ್ತದೆ. ಫೋನಿನಲ್ಲಿ ಫೋಟೋ ತಗೊಂಡು ಹೋಗುತ್ತಾರೆ.

ಇವತ್ತಿಗೆ ಮೂರು ದಿನದ ಒಳಗೆ ಸುತ್ತು ಬಿದ್ದರೆ ನಾನು ಮಾತು ನಿಲ್ಲಿಸಿ ಎದ್ದೇ ಬಿಡುತ್ತೇನೆ. ಎಚ್‌ಐವಿ ತಡೆಯುವ ಪೆಪ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 28 ದಿನ ಬಿಡದೆ ನುಂಗಬೇಕು. ಬೇಕೋ ಬೇಡವೋ ಅಂತ ಡಾಕ್ಟರು ನಿರ್ಧಾರ ಮಾಡುತ್ತಾರೆ. ಆದರೆ ಅವರ ಬಾಗಿಲಿಗೆ ತಲುಪಿಸುವುದು ನನ್ನ ಕೆಲಸ. ‘ಒಂದು ವಾರ ನೋಡೋಣ ಅಂತ ಕಾದೆ’ ಅಂದುಕೊಂಡು ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಇನ್ನು ಪ್ರಶ್ನೆ ಕೇಳುವ ರೀತಿ. ‘ಯಾರ ಜೊತೆ?’ ಅಂತ ನಾನು ಕೇಳುವುದಿಲ್ಲ. ಅದರಿಂದ ತಿಳಿಯುವುದೂ ಕಮ್ಮಿ, ಎದುರಿನವರು ಮುದುಡಿಕೊಳ್ಳುವುದೂ ಜಾಸ್ತಿ. ಯಾವಾಗ, ಹೇಗೆ, ಕಾಂಡೋಮ್ ಇತ್ತಾ, ಶುರುವಿನಿಂದ ಕೊನೇವರೆಗೂ ಇತ್ತಾ, ಇಷ್ಟು ಸಾಕು. ‘ಹೇಗೆ’ ಅನ್ನುವುದನ್ನು ಬಿಡಿಸಿ ಕೇಳಲೇಬೇಕು. ಬಾಯಲ್ಲಿ ಮಾಡುವುದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗೊನೊರಿಯಾ ಗಂಟಲಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಮೂತ್ರ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ, ಗಂಟಲಿನಿಂದಲೇ ಸ್ವಾಬ್ ತೆಗೆಯಬೇಕು. ಗುದದ ಮಾತೂ ಅಷ್ಟೇ. ನಾನು ಮುಜುಗರಪಟ್ಟರೆ ಅವರ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ.

ವಿಚಿತ್ರ ಅಂದರೆ, ತುಂಬ ಹೆದರಿಕೊಂಡು ಬರುವವರಿಗೆ ಎಷ್ಟೋ ಸಲ ಅಪಾಯವೇ ಇರುವುದಿಲ್ಲ. ಟಾಯ್ಲೆಟ್ ಸೀಟು, ಬೇರೆಯವರ ಟವೆಲ್ಲು, ತಬ್ಬಿಕೊಂಡಿದ್ದು ಇಂಥದ್ದಕ್ಕೆಲ್ಲ ಎಚ್‌ಐವಿ ಬಂತು ಅಂತ ರಾತ್ರಿಯೆಲ್ಲ ನಿದ್ದೆ ಬಿಟ್ಟಿರುತ್ತಾರೆ. ‘ನೋಡಿದರೆ ಗೊತ್ತಾಗುತ್ತೆ, ಕ್ಲೀನ್ ಆಗಿದ್ರು’ ಅನ್ನುವವರು ನೆಮ್ಮದಿಯಾಗಿರುತ್ತಾರೆ. ನನಗೆ ಭಯ ಆಗುವುದು ಇವರನ್ನು ಕಂಡು.

ಕಾಂಡೋಮ್ ಹಾಕುವುದನ್ನು ಮರದ ಮಾದರಿ ಇಟ್ಟು ತೋರಿಸುತ್ತೇನೆ. ‘ಗೊತ್ತು ಬಿಡಿ’ ಅನ್ನುತ್ತಾರೆ. ‘ಹಾಗಾದ್ರೆ ನೀವೇ ನನಗೆ ತೋರಿಸಿ’ ಅಂತ ಪ್ಯಾಕೆಟ್ ಕೈಗಿಡುತ್ತೇನೆ. ಹಲ್ಲಲ್ಲಿ ಕಚ್ಚಿ ಹರಿಯುತ್ತಾರೆ. ತಿರುಗುಮುರುಗಾಗಿ ಇಟ್ಟು, ಉರುಳದಿದ್ದಾಗ ಅದನ್ನೇ ತಿರುಗಿಸಿ ಹಾಕುತ್ತಾರೆ. ಅಲ್ಲಿಗೆ ಅದು ಕೆಟ್ಟಿತು, ಹೊಸದು ತೆಗೆಯಬೇಕು. ತುದಿ ಹಿಂಡಿ ಗಾಳಿ ತೆಗೆಯುವುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಒಂದರ ಮೇಲೊಂದು ಎರಡು ಹಾಕಿದರೆ ಡಬಲ್ ರಕ್ಷಣೆ ಅಂದುಕೊಂಡಿರುತ್ತಾರೆ. ಉಜ್ಜಾಡಿ ಹರಿಯುವುದು ಜಾಸ್ತಿ ಅಷ್ಟೇ. ಒಬ್ಬರು ಪರ್ಸಿನಿಂದ ಒಂದು ತೆಗೆದರು. ಪ್ಯಾಕೆಟ್ಟಿನ ಮೇಲಿನ ಅಕ್ಷರವೆಲ್ಲ ಸವೆದು ಹೋಗಿತ್ತು, ಮಧ್ಯದಲ್ಲಿ ಮಡಿಕೆ ಬಿದ್ದಿತ್ತು. ತಿಂಗಳುಗಟ್ಟಲೆ ಅದರ ಮೇಲೆ ಕೂತಿದ್ದರು ಪಾಪ. ಲೇಟೆಕ್ಸ್ ಕಾಂಡೋಮಿಗೆ ಎಣ್ಣೆ, ವ್ಯಾಸಲೀನ್, ಲೋಷನ್ ಯಾವುದೂ ತಾಗಬಾರದು, ನಿಮಿಷಗಳಲ್ಲೇ ದುರ್ಬಲವಾಗುತ್ತದೆ. ಜಾರಿಕೆ ಬೇಕಾದರೆ ನೀರಿನದೋ ಸಿಲಿಕೋನಿನದೋ ಜೆಲ್ ಇದೆ.

ಕಾಂಡೋಮಿನ ಮಿತಿಯನ್ನೂ ಮುಚ್ಚಿಡುವುದಿಲ್ಲ. ನೀರುಗುಳ್ಳೆ ಏಳಿಸುವ ಹರ್ಪಿಸ್, ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್, ಸಿಫಿಲಿಸ್ ಇವು ಚರ್ಮಕ್ಕೆ ಚರ್ಮ ತಾಗಿಯೂ ಹರಡುತ್ತವೆ. ಕಾಂಡೋಮ್ ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಅದೇನು ಮಾಡೀತು? ಎಚ್‌ಪಿವಿಗೂ, ಲಿವರಿಗೆ ತಗಲುವ ಹೆಪಟೈಟಿಸ್ ಬಿಗೂ ಲಸಿಕೆ ಇದೆ ಅಂತ ಅಲ್ಲೇ ಹೇಳುತ್ತೇನೆ.

ಇಷ್ಟೆಲ್ಲ ಮಾತಾಡುವ ನಾನು ಪರೀಕ್ಷೆಗೆ ಕೂತದ್ದು ತಡವಾಗಿ. ಮದುವೆಗೆ ಮುಂಚೆ ಇಬ್ಬರೂ ಮಾಡಿಸೋಣ ಅಂದೆ. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಅನ್ನುವ ಪ್ರಶ್ನೆ ಬಂದೇ ಬಂತು. ಕೆಲಸದ ಜಾಗದಲ್ಲಿ ಇದಕ್ಕೆ ಹತ್ತು ಉತ್ತರ ಕೊಡುವ ನನಗೆ ಅವತ್ತು ನಾಲಿಗೆ ಹೊರಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ನನ್ನ ರಕ್ತದಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ. ಮೊದಲು ನಂದು ನೋಡಿಸ್ತೀನಿ, ನೀನು ಆಮೇಲೆ ಯೋಚನೆ ಮಾಡು’ ಅಂದೆ. ಕೊನೆಗೆ ಇಬ್ಬರೂ ಒಟ್ಟಿಗೇ ಹೋದೆವು.

ನಾನು ಕೆಲಸ ಮಾಡುವ ಜಾಗಕ್ಕೆ ಹೋಗಲಿಲ್ಲ, ಬೇರೆ ಕಡೆ ಹೋದೆವು. ಕೌನ್ಸೆಲರ್‌ಗೂ ನಾಚಿಕೆ ಇರುತ್ತೆ, ಅಲ್ವಾ. ‘ಮೂತ್ರ ಹೋಗಿ ಒಂದು ಗಂಟೆಯಾದರೂ ಆಗಿರಬೇಕು, ಮೊದಲು ಬರುವುದನ್ನೇ ಹಿಡಿಯಿರಿ’ ಅಂತ ಡಬ್ಬಿ ಕೊಟ್ಟರು. ದಿನಾ ನಾನೇ ಹೇಳುವ ಮಾತು. ಡಬ್ಬಿ ಹಿಡಿದು ಕಾರಿಡಾರಿನಲ್ಲಿ ನಡೆಯುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅಲ್ಲಿನ ಕೌನ್ಸೆಲರ್ ‘ಹಿಂದೆ ಯಾವಾಗಲಾದರೂ ಕಾಂಡೋಮ್ ಇಲ್ಲದೆ?’ ಅಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ‘ಅಷ್ಟೇನಿಲ್ಲ.’ ಅಷ್ಟೇನಿಲ್ಲ ಅಂದರೆ ಎಷ್ಟು? ಆಕೆ ಸುಮ್ಮನೆ ಕಾದರು. ನಾನು ಸರಿಯಾಗಿ ಹೇಳಿದೆ.

ಸೋಂಕು ಯಾವುದೂ ಇರಲಿಲ್ಲ. ಆದರೆ ಹೆಪಟೈಟಿಸ್ ಬಿಗೆ ನನ್ನ ಮೈಯಲ್ಲಿ ರಕ್ಷಣೆಯೂ ಇರಲಿಲ್ಲ. ಬಂದವರಿಗೆಲ್ಲ ಲಸಿಕೆ ಹಾಕಿಸಿಕೊಳ್ಳಿ ಅನ್ನುವ ನಾನೇ ಹಾಕಿಸಿಕೊಂಡಿರಲಿಲ್ಲ! ಮನೆಯಲ್ಲಿ ಇದನ್ನೇ ಹಿಡಿದು ವಾರವಿಡೀ ತಮಾಷೆ ಮಾಡಿದರು. ಮೊದಲ ಡೋಸ್ ಅವತ್ತೇ ಆಯಿತು, ಎರಡನೆಯದು ಒಂದು ತಿಂಗಳಿಗೆ. ಮೂರನೆಯದು ಆರನೇ ತಿಂಗಳಿಗೆ, ಇನ್ನೂ ಬಾಕಿ ಇದೆ. ಮೇಜಿನ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿಟ್ಟಿದ್ದೇನೆ.