ಮುನ್ನಾರ್: ಕೊಚ್ಚಿಹೋದ ರೈಲಿನ ಜಾಡು ಹಿಡಿದು

ಮುನ್ನಾರ್‌ಗೆ ರೈಲು ಇಲ್ಲ. ಆದರೆ ಒಂದು ಕಾಲದಲ್ಲಿ ಇತ್ತು. ಈ ಸಂಗತಿ ಗೊತ್ತಾದ ಮೇಲೆ ಆ ಊರನ್ನು ಸುತ್ತುವ ನನ್ನ ರೀತಿಯೇ ಬದಲಾಯಿತು. ಟ್ಯಾಕ್ಸಿಯವರು ಕೈಗೆ ಕೊಡುವ ಫೋಟೋ ಪಾಯಿಂಟ್, ಎಕೋ ಪಾಯಿಂಟ್ ಪಟ್ಟಿಯನ್ನು ಮಡಚಿಟ್ಟೆ. ಹಳೇ ರೈಲು ಓಡುತ್ತಿದ್ದ ಕುಂಡಲ ಕಣಿವೆಯನ್ನೇ ಹಿಡಿದು ಹೊರಟೆ. ಹೊಸದಾಗಿ ಹೋಗುವವರಿಗೂ ಅದನ್ನೇ ಹೇಳುತ್ತೇನೆ.

ಮೊದಲು ಆ ರೈಲಿನ ಕಥೆ. 1902ರಲ್ಲಿ ಚಹಾ ಸಾಗಿಸೋಕೆ ಇಲ್ಲಿ ಹಾಕಿದ್ದು ಒಂದೇ ಕಂಬಿಯ ರೈಲು. ಭಾರವೆಲ್ಲ ಆ ಒಂದು ಕಂಬಿಯ ಮೇಲೆ. ಗಾಡಿ ವಾಲದಂತೆ ಪಕ್ಕದಲ್ಲಿ ರಸ್ತೆ ಮೇಲೆ ಉರುಳುವ ಇನ್ನೊಂದು ಚಕ್ರ. ಸೈಡ್‌ಕಾರ್ ಕಟ್ಟಿದ ಸ್ಕೂಟರ್ ನೆನಪಿಸಿಕೊಳ್ಳಿ, ಹೆಚ್ಚೂಕಮ್ಮಿ ಅದೇ ಲೆಕ್ಕ. ಎಳೆಯುತ್ತಿದ್ದದ್ದು ಎತ್ತುಗಳು! 1908ರಲ್ಲಿ ಅದನ್ನು ಕಿತ್ತು ಎರಡಡಿ ಅಗಲದ ಹಳಿ ಹಾಕಿದರು, ಉಗಿ ಎಂಜಿನ್ ಬಂತು. ಮುನ್ನಾರ್‌ನಿಂದ ಮಾಟ್ಟುಪೆಟ್ಟಿ, ಪಾಲಾರ್ ದಾಟಿ ಟಾಪ್ ಸ್ಟೇಷನ್‌ವರೆಗೆ. ಅಲ್ಲಿಂದ ಚಹಾ ಪೆಟ್ಟಿಗೆಗಳು ರೋಪ್‌ವೇಯಲ್ಲಿ ತೂಗಾಡುತ್ತಾ ತಮಿಳುನಾಡಿನ ಕಡೆ ಕೊಟ್ಟಗುಡಿಗೆ ಇಳಿಯುತ್ತಿದ್ದವು. ಆಮೇಲೆ ಗಾಡಿಯಲ್ಲಿ ಬೋಡಿನಾಯಕ್ಕನೂರು, ತೂತುಕುಡಿ ಬಂದರು, ಕೊನೆಗೆ ಇಂಗ್ಲೆಂಡಿನ ಹಡಗು.

1924ರ ಜುಲೈನಲ್ಲಿ ಎಲ್ಲಾ ಮುಗಿಯಿತು. ಮಲಯಾಳಿಗಳು ಇವತ್ತಿಗೂ ಅದನ್ನು 'ತೊಂಬತ್ತೊಂಬತ್ತರ ಪ್ರವಾಹ' ಅಂತಾರೆ. ಅವರ ಪಂಚಾಂಗದಲ್ಲಿ ಅದು 1099ನೇ ವರ್ಷ. ಮೂರು ಹೊಳೆ ಕೂಡುವ ಜಾಗದಲ್ಲಿರುವ ಊರು, ಮೇಲೆ ದಿನಗಟ್ಟಲೆ ಮಳೆ. ಹಳಿ, ಸೇತುವೆ, ನಿಲ್ದಾಣ ಎಲ್ಲಾ ಹೋದವು. ರೈಲನ್ನು ಮತ್ತೆ ಕಟ್ಟಲಿಲ್ಲ. ಕೋತಮಂಗಲದಿಂದ ಮಾಂಕುಳಂ ಮೂಲಕ ಬರುತ್ತಿದ್ದ ಹಳೇ ರಸ್ತೆಯೂ ಅದೇ ಮಳೆಗೆ ಹಾಳಾಯಿತು. ಈಗ ಕೊಚ್ಚಿಯಿಂದ ನಾವು ಬರುವ ಅಡಿಮಾಲಿ ದಾರಿ ಅದರ ನಂತರದ್ದು, 1931ರದ್ದು.

ನಾನು ಶುರು ಮಾಡುವುದು ನಲ್ಲತಣ್ಣಿ ಎಸ್ಟೇಟಿನ ಟೀ ಮ್ಯೂಸಿಯಂನಿಂದ. ಸೋಮವಾರ ರಜೆ, ನೆನಪಿರಲಿ. ಹೆಚ್ಚಿನವರು ಟೀ ಪುಡಿ ಮಾಡುವ ಯಂತ್ರ ನೋಡಿ, ಒಂದು ಕಪ್ ಕುಡಿದು, ಪ್ಯಾಕೆಟ್ ಕೊಂಡು ಹೊರಡುತ್ತಾರೆ. ನೀವು ಆ ರೈಲಿನ ಎಂಜಿನ್ ಚಕ್ರದ ಮುಂದೆ ಸ್ವಲ್ಪ ನಿಲ್ಲಿ. ಅಷ್ಟು ದೊಡ್ಡ ರೈಲ್ವೆಯಲ್ಲಿ ಕಣ್ಣಿಗೆ ಕಾಣುವಂತೆ ಉಳಿದಿರುವುದು ಇಂಥ ಒಂದೆರಡು ಚೂರು ಅಷ್ಟೇ. 1913ರ ಒಂದು ಸೂರ್ಯ ಗಡಿಯಾರವೂ ಇದೆ, ತಮಿಳುನಾಡಿನ ನಾಜರೇತ್‌ನಲ್ಲಿದ್ದ ಕೈಗಾರಿಕಾ ಶಾಲೆಯಲ್ಲಿ ಮಾಡಿದ್ದು. ಬಿಸಿಲಿದ್ದರೆ ನಿಮ್ಮ ವಾಚಿನ ಜೊತೆ ತಾಳೆ ನೋಡಬಹುದು. ಮುನ್ನಾರ್‌ನಲ್ಲಿ ಬಿಸಿಲು ಸಿಗಬೇಕಲ್ಲ, ಅದು ಬೇರೆ ಮಾತು. ಊರೊಳಗಿದ್ದ ಹಳೇ ರೈಲ್ವೆ ನಿಲ್ದಾಣದ ಕಟ್ಟಡ ಈಗ ಟೀ ಕಂಪನಿಯ ಕಚೇರಿ. ಹೊರಗಿನಿಂದ ನೋಡಿಕೊಂಡು ಮುಂದೆ ಹೋಗುವುದು.

ಮಾರನೇ ದಿನ ಬೆಳಗ್ಗೆ ಟಾಪ್ ಸ್ಟೇಷನ್. ದೂರ ಸುಮಾರು 32 ಕಿಲೋಮೀಟರ್. ಜೀಪು ಬೇಕಂತೇನಿಲ್ಲ. ವಟ್ಟವಡ ಕಡೆಯ ಕೋವಿಲೂರಿಗೆ ಹೋಗುವ ಬಸ್ಸು ಟಾಪ್ ಸ್ಟೇಷನ್ ಮೇಲೇ ಹಾಯುತ್ತದೆ. ಎಸ್ಟೇಟ್ ಕೆಲಸದವರು, ಶಾಲೆ ಮಕ್ಕಳು, ತರಕಾರಿ ಮೂಟೆ ಎಲ್ಲಾ ಇರುವ ಬಸ್ಸು. ಎಡಗಡೆ ಕಿಟಕಿ, ಬಲಗಡೆ ಕಿಟಕಿ ಅಂತ ಜಗಳ ಬೇಡ, ಎರಡೂ ಕಡೆ ಚಹಾ ತೋಟವೇ. ಸ್ವಂತ ಗಾಡಿಯಿದ್ದರೆ ಬೇಗ ಹೊರಡಿ. ಮಾಟ್ಟುಪೆಟ್ಟಿ ಅಣೆಕಟ್ಟಿನ ಹತ್ತಿರ ಒಂಬತ್ತರ ನಂತರ ಸಿಗುವ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್‌ಗೆ ಏನೂ ಕಮ್ಮಿಯಿಲ್ಲ. ಕೆರೆಯ ಆಚೆ ದಡದ ಹುಲ್ಲಿನಲ್ಲಿ ಆನೆಗಳು ಮೇಯುವುದು ಬೆಳಗ್ಗೆ, ಸಂಜೆ ಕಾಣುತ್ತದೆ. ಬೋಟಿಂಗ್ ನನಗೆ ಅಷ್ಟು ಇಷ್ಟವಾಗಲಿಲ್ಲ. ಬೋಟು ಹತ್ತಲೇಬೇಕು ಅಂದರೆ ಮುಂದಿನ ಕುಂಡಲ ವಾಸಿ, ಅಲ್ಲಿ ಪೆಡಲ್ ಬೋಟು, ಸದ್ದು ಜಾಸ್ತಿ ಇಲ್ಲ.

ಟಾಪ್ ಸ್ಟೇಷನ್‌ಗೆ ಹೋಗಿ ನಿಂತಾಗ ಆ ಹೆಸರು ಯಾಕೆ ಬಂತು ಅಂತ ಯಾರೂ ಹೇಳಬೇಕಾಗಿಲ್ಲ. ಚಹಾ ತೋಟ ಅಲ್ಲಿಗೆ ಮುಗಿಯುತ್ತದೆ. ಮುಂದೆ ನೆಲವೇ ಇಲ್ಲ. ಸಾವಿರಾರು ಅಡಿ ಕೆಳಗೆ ತೇನಿ ಜಿಲ್ಲೆಯ ಬಯಲು. ಪೆಟ್ಟಿಗೆ ಇಳಿಸೋಕೆ ರೋಪ್‌ವೇ ಬಿಟ್ಟರೆ ಬೇರೆ ದಾರಿ ಇರಲಿಲ್ಲ ಅನ್ನೋದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ವ್ಯೂ ಪಾಯಿಂಟ್ ಇರುವುದು ತಮಿಳುನಾಡಿನಲ್ಲಿ, ಬಂದ ರಸ್ತೆ ಕೇರಳದ್ದು. ಮಂಜು ಯಾವಾಗ ಮುಚ್ಚುತ್ತದೆ ಅಂತ ಹೇಳೋಕಾಗಲ್ಲ. ಹತ್ತು ನಿಮಿಷ ತೆರೆದುಕೊಂಡು ಮತ್ತೆ ಬಿಳಿ ಗೋಡೆ. ಹಾಗಾದಾಗ ಜನ ಬೈದುಕೊಂಡು ವಾಪಸ್ ಹೋಗುತ್ತಾರೆ. ನಾನು ಪೆಟ್ಟಿಗೆ ಅಂಗಡಿಯಲ್ಲಿ ಚಹಾ, ಬ್ರೆಡ್ ಆಮ್ಲೆಟ್ ಹೇಳಿ ಕೂತುಬಿಡುತ್ತೇನೆ. ಕಾದರೆ ಸಾಮಾನ್ಯವಾಗಿ ತೆರೆಯುತ್ತದೆ.

ಇಲ್ಲಿಂದ ತಮಿಳುನಾಡಿನ ಕಡೆಯ ಕುರಂಗಣಿಗೆ ಇಳಿಯುವ ಕಾಲುದಾರಿಯ ಬಗ್ಗೆ ಚಾರಣದ ಹುಚ್ಚಿನವರು ಕೇಳುತ್ತಾರೆ. 2018ರ ಮಾರ್ಚ್‌ನಲ್ಲಿ ಕುರಂಗಣಿ ಬೆಟ್ಟದ ಒಣ ಹುಲ್ಲಿಗೆ ಬೆಂಕಿ ಹತ್ತಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಹಾಗಾಗಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಬೇಸಿಗೆಯಲ್ಲಿ, 'ನಾನು ಕರ್ಕೊಂಡು ಹೋಗ್ತೀನಿ ಬನ್ನಿ' ಅನ್ನುವವರನ್ನು ನಂಬಿ ಇಳಿಯಬೇಡಿ. ನಡೆಯಲೇಬೇಕು ಅಂದರೆ ಮೀಶಪುಲಿಮಲ ಶಿಖರ ಇದೆ, 2,640 ಮೀಟರ್ ಎತ್ತರ. ಕೇರಳ ಅರಣ್ಯ ಅಭಿವೃದ್ಧಿ ನಿಗಮದವರೇ ಗೈಡ್ ಕೊಟ್ಟು ಕಳಿಸುತ್ತಾರೆ. ಮೊದಲೇ ಬುಕ್ ಮಾಡಬೇಕು. ಏರು ಅಂಥಾ ಕಷ್ಟವಿಲ್ಲ, ಗಾಳಿ ಮಾತ್ರ ನಿಲ್ಲೋಕೆ ಬಿಡಲ್ಲ. ಟೋಪಿಗೆ ದಾರ ಕಟ್ಟಿಕೊಳ್ಳಿ.

ಟಾಪ್ ಸ್ಟೇಷನ್‌ನಿಂದ ವಾಪಸ್ ತಿರುಗದೆ ಮುಂದೆ ಹೋದರೆ ಪಾಂಪಾಡುಂ ಶೋಲಾ. ಕೇರಳದ ಅತಿ ಚಿಕ್ಕ ರಾಷ್ಟ್ರೀಯ ಉದ್ಯಾನ. ರಸ್ತೆ ಕಾಡಿನ ನಡುವೆಯೇ ಹೋಗುತ್ತದೆ, ಗಾಡಿ ನಿಲ್ಲಿಸೋ ಹಾಗಿಲ್ಲ. ಆಚೆ ವಟ್ಟವಡದ ಮೆಟ್ಟಿಲು ಗದ್ದೆಗಳು, ಕ್ಯಾರೆಟ್, ಬೀನ್ಸ್, ಬೆಳ್ಳುಳ್ಳಿ. ಅಲ್ಲಿನ ಬೆಳ್ಳುಳ್ಳಿಗೆ ಜಿಐ ಟ್ಯಾಗ್ ಇದೆ. ಸಣ್ಣ ಎಸಳು, ಘಾಟು ಜಾಸ್ತಿ. ಮನೆಗೆ ತಂದರೆ ಒಗ್ಗರಣೆ ಹಾಕುವವರಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಇರವಿಕುಳಂ ರಾಷ್ಟ್ರೀಯ ಉದ್ಯಾನದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ವರೆಯಾಡು, ಅಂದರೆ ನೀಲಗಿರಿ ತಾರ್ ಅನ್ನುವ ಕಾಡುಮೇಕೆ, ಮರಿ ಹಾಕುವ ಸಮಯದಲ್ಲಿ, ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ, ಪಾರ್ಕ್ ಮುಚ್ಚಿರುತ್ತದೆ. ಟಿಕೆಟ್ ಆನ್‌ಲೈನಲ್ಲಿ ತಗೊಳ್ಳಿ, ಮೊದಲ ಬಸ್ಸಿಗೇ ಹತ್ತಿ. ಪ್ರಾಣಿಗಳು ರಸ್ತೆಬದಿಯಲ್ಲೇ ಮೇಯುತ್ತಿರುತ್ತವೆ, ಓಡಿಸಿಕೊಂಡು ಹೋಗಿ ಸೆಲ್ಫಿ ತೆಗೆಯುವ ಅಗತ್ಯವೇ ಇಲ್ಲ. ಎದುರಿಗೆ ಆನಮುಡಿ ಶಿಖರ, 2,695 ಮೀಟರ್. ನೋಡುವುದಷ್ಟೇ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2018ರಲ್ಲಿ ಹೂಬಿಟ್ಟಿತು, ಅದೇ ಆಗಸ್ಟ್‌ನಲ್ಲಿ ಮತ್ತೆ ಮಹಾಪ್ರವಾಹ ಬಂದು ಹೆಚ್ಚಿನವರಿಗೆ ನೋಡೋಕೇ ಆಗಲಿಲ್ಲ. ಇನ್ನು 2030ಕ್ಕೆ.

ಬೆಂಗಳೂರಿಗೆ ವಾಪಸ್ ಬರುವಾಗ ನಾನು ಮರಯೂರು, ಚಿನ್ನಾರ್, ಉಡುಮಲಪೇಟೆ ದಾರಿ ಹಿಡಿಯುತ್ತೇನೆ. ಒಂದೂವರೆ ಗಂಟೆಯಲ್ಲಿ ಸ್ವೆಟರ್ ಬಿಚ್ಚಬೇಕಾಗುತ್ತದೆ. ಚಹಾ ಮುಗಿದು ಶ್ರೀಗಂಧದ ಕಾಡು, ಅದಾದ ಮೇಲೆ ಮುಳ್ಳು ಕುರುಚಲು. ಮರಯೂರಿನ ಗಂಧದ ಹರಾಜಿನಲ್ಲಿ ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಕಂಪನಿಯೂ ಕೊಳ್ಳುತ್ತದೆ ಅನ್ನೋದು ಓದಿದಾಗ ಸ್ವಲ್ಪ ಬೇಜಾರೇ ಆಯಿತು, ನಮ್ಮಲ್ಲೇ ಕಾಡು ತುಂಬ ಗಂಧ ಇತ್ತಲ್ವಾ. ಬೆಲ್ಲದ ಆಲೆಮನೆಗಳು ರಸ್ತೆಬದಿಯಲ್ಲೇ ಸಿಗುತ್ತವೆ. ಕೈಯಲ್ಲಿ ಉಂಡೆ ಕಟ್ಟಿದ ಕಂದು ಬೆಲ್ಲ, ಬಿಸಿ ಇರುವಾಗಲೇ ತಿಂದು ನೋಡಿ. ಆದರೆ ಅಲ್ಲೇ ಕೂತು ಹೊತ್ತು ಕಳೆಯಬೇಡಿ. ಚಿನ್ನಾರ್ ಚೆಕ್‌ಪೋಸ್ಟ್ ರಾತ್ರಿ ಮುಚ್ಚುತ್ತದೆ, ಆಮೇಲೆ ಎಷ್ಟು ಬೇಡಿಕೊಂಡರೂ ಬಿಡಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುನ್ನಾರ್ ಬಿಟ್ಟರೆ ಆರಾಮಾಗಿ ದಾಟಬಹುದು.